ಮೊದಲ ಕಾಂಪೌಂಡ್ ಬಿಲ್ಲು: 70 ಪೌಂಡಾ, 50 ಪೌಂಡಾ?

ಲ್ಯಾನ್ಸಿಂಗ್_ಲಗೋರಿ:
ಎಲ್ಲರಿಗೂ ನಮಸ್ಕಾರ. ಮಿಶಿಗನ್‌ಗೆ ಬಂದು ಏಳು ವರ್ಷ ಆಯಿತು. ಅಕ್ಟೋಬರ್ 1 ಬಂದರೆ ಸಾಕು, ನಮ್ಮ ಆಫೀಸಿನ ಅರ್ಧ ಜನ ಬಿಲ್ಲು ಹಿಡಿದು ಕಾಡಿಗೆ ಹೋಗುತ್ತಾರೆ. ಹೋದ ವರ್ಷ ಒಬ್ಬರ ಜೊತೆ ಸುಮ್ನೆ ಕೂತು ನೋಡಿದೆ. ಜಿಂಕೆ ಬರಲೇ ಇಲ್ಲ, ಆದರೆ ನನಗೆ ಹುಚ್ಚು ಹಿಡಿಯಿತು. ಈ ವರ್ಷ ನನ್ನದೇ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಚಕ್ರ ಇರುವಂಥದ್ದು) ಬೇಕು.

ಶನಿವಾರ ಅಂಗಡಿಗೆ ಹೋಗಿ ಮೂರು ಬಿಲ್ಲು ಎಳೆದು ನೋಡಿದೆ. ಒಂದು ಹೊಚ್ಚ ಹೊಸ ಮಾಡೆಲ್. ವೇಗ ಸೆಕೆಂಡಿಗೆ 340 ಅಡಿ ಅಂತ ಚೀಟಿ ಅಂಟಿಸಿದ್ದಾರೆ. ಬರೀ ಬಿಲ್ಲಿಗೇ 1,200 ಡಾಲರ್ ಮೇಲೆ. ಎರಡನೆಯದು ಅದೇ ಕಂಪನಿಯದು, ಸೆಕೆಂಡ್ ಹ್ಯಾಂಡ್. ಮೂರನೆಯದು ಬೇರ್ ಕಂಪನಿಯ ಕ್ರೂಸರ್ ಜಿ2. ಗುರಿ ನೋಡುವ ಸೈಟು, ಬಾಣ ಕೂರಿಸುವ ರೆಸ್ಟು ಎಲ್ಲ ಸೇರಿ ಅದು ಮೊದಲನೆಯದರ ಅರ್ಧ ಬೆಲೆಯೂ ಇಲ್ಲ. ಅಂಗಡಿಯವರು ಮೊದಲನೆಯದನ್ನು 70 ಪೌಂಡಿಗೆ (ಅಂದರೆ ಹೆದೆ ಎಳೆಯೋಕೆ ಬೇಕಾದ ಬಲ) ಬಿಗಿ ಮಾಡಿ ಕೊಟ್ಟರು. ಎಳೆದೆ, ಬಂತು. ಸ್ವಲ್ಪ ಆಕಾಶದ ಕಡೆ ಎತ್ತಿ ಎಳೆಯಬೇಕಾಯಿತು, ಅಷ್ಟೇ. ನನ್ನ ಎತ್ತರ 5 ಅಡಿ 7 ಇಂಚು. ಅದನ್ನೇ ತಗೊಳ್ಳೋಣ ಅನಿಸುತ್ತಿದೆ. ತಪ್ಪಾ?

ಶನಿವಾರದ_ಶಿಕಾರಿ:
"ಸ್ವಲ್ಪ ಆಕಾಶದ ಕಡೆ ಎತ್ತಿ" ಅಂದಿರಲ್ಲ, ಉತ್ತರ ಅಲ್ಲೇ ಇದೆ.

ನಾನು ವಿಸ್ಕಾನ್ಸಿನ್‌ನಲ್ಲಿ ಹನ್ನೊಂದು ವರ್ಷದಿಂದ ಬಿಲ್ಲಿನ ಬೇಟೆ ಆಡುತ್ತಿದ್ದೇನೆ. ಅಂಗಡಿಯಲ್ಲಿ ನೀವು ಟೀ ಶರ್ಟ್ ಹಾಕಿ ಬೆಚ್ಚಗೆ ನಿಂತು ಎಳೆದಿದ್ದೀರಿ. ನವೆಂಬರ್ ಬೆಳಗ್ಗೆ ಮರದ ಮೇಲೆ ಮೂರು ಗಂಟೆ ಅಲ್ಲಾಡದೆ ಕೂತ ಮೇಲೆ ಎಳೆದು ನೋಡಿ. ಮೈಮೇಲೆ ಮೂರು ಪದರ ಬಟ್ಟೆ, ಬೆರಳು ಮರಗಟ್ಟಿರುತ್ತದೆ. ಜಿಂಕೆ 18 ಗಜದಲ್ಲಿ ನಿಂತು ನಿಮ್ಮ ಕಡೆಯೇ ನೋಡುತ್ತಿರುತ್ತದೆ. ಆಗ ಬಿಲ್ಲನ್ನು ಆಕಾಶಕ್ಕೆ ಎತ್ತಿದರೆ ಅದು ಬಾಲ ಎತ್ತಿ ಟಾಟಾ ಮಾಡುತ್ತದೆ. ಬಿಳಿಬಾಲದ ಜಿಂಕೆ ಅಂತ ಸುಮ್ನೆ ಹೆಸರಿಟ್ಟಿಲ್ಲ.

ಮತ್ತೆ ಅಂಗಡಿಗೆ ಹೋಗಿ. ಒಂದು ಕುರ್ಚಿ ಕೇಳಿ, ಕೂತುಕೊಳ್ಳಿ. ಎರಡೂ ಪಾದ ನೆಲದಿಂದ ಎತ್ತಿ. ಬಿಲ್ಲನ್ನು ಗುರಿಯತ್ತಲೇ ನೇರ ಹಿಡಿದು ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಎಷ್ಟು ಪೌಂಡಿಗೆ ಬಿಲ್ಲು ಅಲುಗದೆ ಬರುತ್ತದೋ ಅದೇ ನಿಮ್ಮ ಪೌಂಡ್. ನನ್ನ ಅಂದಾಜು 50ರಿಂದ 55.

ಎಪ್ಪತ್ತರ_ಹೋರಿ:
ಒಪ್ಪಲ್ಲ. ಮೊದಲ ವಾರ ಎಲ್ಲರಿಗೂ 70 ಭಾರವೇ. ದಿನಕ್ಕೆ ಮೂವತ್ತು ಬಾಣ ಹೊಡೆದರೆ ಎರಡು ತಿಂಗಳಲ್ಲಿ ಬೆನ್ನು ಒಗ್ಗುತ್ತದೆ. ಈಗ 50 ತಗೊಂಡು ಮುಂದಿನ ವರ್ಷ ಮತ್ತೆ ದುಡ್ಡು ಸುರಿಯೋದು ಯಾಕೆ? ಬಾಣ ಪಕ್ಕೆಲುಬು ದಾಟಿ ಆಚೆ ಬರಬೇಕು. ಅದಕ್ಕೆ ಶಕ್ತಿ ಬೇಕು. ಗಾಯವಾದ ಜಿಂಕೆ ಎಲ್ಲೋ ಹೋಗಿ ನರಳಿ ಸತ್ತರೆ ಆ ಪಾಪ ಯಾರಿಗೆ?

ಇನ್ನೊಂದು ವಿಷಯ. ಇದು ಕಾಂಪೌಂಡ್ ಬಿಲ್ಲು ಸ್ವಾಮಿ, ಹಳೇ ಕಾಲದ ಬಿದಿರು ಬಿಲ್ಲಲ್ಲ. ಪೂರ್ತಿ ಎಳೆದ ಮೇಲೆ ಲೆಟ್-ಆಫ್ (ಭಾರ ಇಳಿಯುವ ಪ್ರಮಾಣ) 80% ಇದ್ದರೆ ಕೈಯಲ್ಲಿ ಉಳಿಯೋದು ಬರೀ 14 ಪೌಂಡ್. ಅದನ್ನು ಹಿಡಿಯೋಕೆ ಆಗಲ್ವಾ?

ಐವತ್ತು_ಮೀಟರ್:
ಹಿಡಿಯೋಕೆ ಆಗುತ್ತದೆ. ಆದರೆ ಆ 14ಕ್ಕೆ ತಲುಪೋಕೆ 70ರ ಗುಡ್ಡ ಹತ್ತಿಯೇ ಇಳಿಯಬೇಕು. ಮೊದಲ ಕೆಲವು ಇಂಚಿನಲ್ಲೇ ತೂಕ ತುದಿಗೆ ಏರುತ್ತದೆ. ಕೊನೆಯಲ್ಲಿ ಕ್ಯಾಮ್ (ತುದಿಯ ಚಕ್ರ) ತಿರುಗಿದಾಗ ಮಾತ್ರ ದಿಢೀರ್ ಹಗುರ. ಕಾಂಪೌಂಡ್ ಬಿಲ್ಲಿನ ಗುಟ್ಟೇ ಇದು. ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಎಂಬಾತ ಬಿಲ್ಲಿನ ಎರಡು ತುದಿಗೆ ನಟ್ಟನಡುವೆ ಇಲ್ಲದ ಅಚ್ಚಿನ ಚಕ್ರ ಸಿಕ್ಕಿಸಿದ. ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಸಾವಿರಾರು ವರ್ಷದಿಂದ ಇದ್ದ ಬಿಲ್ಲಿಗೆ ರಾಟೆ ಹಾಕಬಹುದು ಅಂತ ಅಲ್ಲಿಯವರೆಗೆ ಯಾರಿಗೂ ಹೊಳೆಯಲಿಲ್ಲ ನೋಡಿ!

ನಾನು ಮೈಸೂರಿನವನು. ಬೇಟೆ ಗೊತ್ತಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇರುವಾಗ ಆ ಮಾತೇ ಇಲ್ಲ. ನಾನು ಹೊಡೆಯೋದು 50 ಮೀಟರ್ ದೂರದ ಕಾಗದದ ಗುರಿಗೆ. ಅಲ್ಲಿ ವಿಶ್ವಮಟ್ಟದವರಿಗೂ 60 ಪೌಂಡೇ ಮಿತಿ. ಆದರೂ ನನ್ನ ಚಿಂತೆ ಪೌಂಡಿನದಲ್ಲ, ಡ್ರಾ ಲೆಂಗ್ತ್‌ನದು, ಅಂದರೆ ಹೆದೆಯನ್ನು ಎಷ್ಟು ಉದ್ದ ಎಳೆಯಬೇಕು ಅನ್ನೋದು. ಲಗೋರಿಯವರೇ, ಎಷ್ಟು ಇಂಚಿಗೆ ಇಟ್ಟಿದ್ದರು?

ಲ್ಯಾನ್ಸಿಂಗ್_ಲಗೋರಿ:
ಅದನ್ನು ಕೇಳಲೇ ಇಲ್ಲ. ಗೋಡೆಯಿಂದ ತೆಗೆದು ಹಾಗೇ ಕೊಟ್ಟರು.

ಐವತ್ತು_ಮೀಟರ್:
ಅಯ್ಯೋ. ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತುಕೊಳ್ಳಿ. ಒಂದು ಮಧ್ಯದ ಬೆರಳ ತುದಿಯಿಂದ ಇನ್ನೊಂದರ ತುದಿಗೆ ಎಷ್ಟು ಇಂಚು ಅಂತ ಅಳೆಯಿಸಿ, 2.5ರಿಂದ ಭಾಗಿಸಿ. ನಿಮ್ಮ ಎತ್ತರಕ್ಕೆ 67 ಇಂಚಿನ ಹತ್ತಿರ ಇರಬೇಕು, ಅಂದರೆ ಸುಮಾರು 27. ಅಂಗಡಿಯ ಬಿಲ್ಲು 29ರಲ್ಲಿ ಇದ್ದಿದ್ದರೆ ನಿಮಗದು ಎರಡು ಇಂಚು ಉದ್ದ. ಉದ್ದ ಆದರೆ ಏನಾಗುತ್ತದೆ? ತಲೆ ಹಿಂದಕ್ಕೆ ವಾಲುತ್ತದೆ, ಬಿಲ್ಲು ಹಿಡಿದ ಮೊಣಕೈ ಬೀಗುತ್ತದೆ, ಹೆದೆ ಬಂದು ತೋಳಿಗೆ ಬಾರಿಸುತ್ತದೆ. ನನಗೆ ಮೊದಲ ತಿಂಗಳು ಎಡ ತೋಳು ನೇರಳೆ ಬಣ್ಣಕ್ಕೆ ತಿರುಗಿತ್ತು. ಅಮ್ಮ ಯಾರ ಜೊತೆ ಜಗಳ ಆಡಿದೆ ಅಂತ ಕೇಳಿದ್ದರು.

ಕಣ್ಣನ್ನೂ ನೋಡಿಕೊಳ್ಳಿ. ಎರಡೂ ಅಂಗೈ ಸೇರಿಸಿ ಚಿಕ್ಕ ತ್ರಿಕೋನ ಮಾಡಿ, ದೂರದ ಸ್ವಿಚ್ಚನ್ನು ಅದರೊಳಗೆ ಇಟ್ಟು ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಸ್ವಿಚ್ ಅಲ್ಲೇ ಉಳಿಯುತ್ತದೋ ಅದು ನಿಮ್ಮ ಮುಖ್ಯ ಕಣ್ಣು. ಬಲಗೈಯವರಾಗಿ ಎಡಗಣ್ಣು ಮುಖ್ಯವಾಗಿದ್ದರೆ ಕೊಳ್ಳುವ ಮೊದಲೇ ಯೋಚಿಸಬೇಕು.

ಕೋಸಂಬರಿ_ಕ್ಲಬ್:
ನಡುವೆ ಮೂಗು ತೂರಿಸುತ್ತಿದ್ದೇನೆ, ಕ್ಷಮಿಸಿ. ಸೂಪರ್ ಮಾರ್ಕೆಟ್ ತುಂಬ ಊಟ ಇರುವಾಗ ಪಾಪದ ಜಿಂಕೆ ಯಾಕೆ ಬೇಕು ನಿಮಗೆ?

ಶನಿವಾರದ_ಶಿಕಾರಿ:
ನ್ಯಾಯವಾದ ಪ್ರಶ್ನೆ. ಇಲ್ಲಿ ತೋಳ ಎಲ್ಲ ಕಡೆ ಇಲ್ಲ, ಜಿಂಕೆ ಎಲ್ಲ ಕಡೆ ಇದೆ. ಮಿಶಿಗನ್ ಒಂದರಲ್ಲೇ ವರ್ಷಕ್ಕೆ 50,000ಕ್ಕೂ ಹೆಚ್ಚು ಕಾರುಗಳು ಜಿಂಕೆಗೆ ಗುದ್ದುತ್ತವೆ. ಎಷ್ಟು ಹೊಡೆಯಬೇಕು ಅನ್ನೋದನ್ನು ಸರ್ಕಾರವೇ ಪರ್ಮಿಟ್ ಲೆಕ್ಕದಲ್ಲಿ ತೀರ್ಮಾನಿಸುತ್ತದೆ. ಬಿಲ್ಲು ಬಾಣದ ಬೆಲೆಯಲ್ಲಿ ಸೇರಿರುವ ಕೇಂದ್ರ ತೆರಿಗೆ ಕಾಡು ಮತ್ತು ಪ್ರಾಣಿಗಳ ರಕ್ಷಣೆಗೇ ಹೋಗುತ್ತದೆ. ನಿಮಗೆ ಇಷ್ಟ ಆಗಬೇಕು ಅಂತ ಹೇಳುತ್ತಿಲ್ಲ. ನಮ್ಮ ಮನೆಯವಳೇ ಫ್ರೀಜರ್‌ನ ಒಂದು ಖಾನೆ ಮಾತ್ರ ಬಿಟ್ಟುಕೊಟ್ಟಿದ್ದಾಳೆ.

ಕೋಸಂಬರಿ_ಕ್ಲಬ್:
ಇಷ್ಟ ಆಗಲಿಲ್ಲ. ಆದರೆ ಹೊಡೆಯೋದೇ ಆದರೆ ಹೋರಿಯವರು ಹೇಳಿದ ಹಾಗೆ ನರಳಿಸಬೇಡಿ. ಅಷ್ಟು ಹೇಳಿ ಹೊರಟೆ.

ಎಪ್ಪತ್ತರ_ಹೋರಿ:
ನೋಡಿ, ಸಸ್ಯಾಹಾರಿಗಳೂ ನನ್ನ ಪಕ್ಷ. 340 ಅಡಿ ವೇಗ ಇದ್ದರೆ ಜಿಂಕೆಗೆ ಹೆದೆಯ ಸದ್ದು ಕೇಳುವ ಮೊದಲೇ ಬಾಣ ಮುಟ್ಟಿರುತ್ತದೆ.

ಗ್ರೇನ್_ಗಣಿತ:
ಮುಟ್ಟಿರೋದಿಲ್ಲ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1,100 ಅಡಿ. ಯಾವ ಬಿಲ್ಲೂ ಅದರ ಹತ್ತಿರ ಬರಲ್ಲ. ಮೊದಲು ಆ 340 ನೋಡೋಣ.

ಕಂಪನಿಯವರು ಆ ವೇಗವನ್ನು ಅಳೆಯೋದು 70 ಪೌಂಡ್, 30 ಇಂಚು ಡ್ರಾ, 350 ಗ್ರೇನ್‌ನ (ಗ್ರೇನ್ ಅಂದರೆ ಬಾಣದ ತೂಕದ ಅಳತೆ) ಹಗುರ ಬಾಣದಲ್ಲಿ. ನಮ್ಮ ಲಗೋರಿ 27 ಇಂಚು. ಒಂದು ಇಂಚಿಗೆ ಸುಮಾರು 10 ಅಡಿ ಕಡಿಮೆ, ಅಲ್ಲಿಗೆ 30 ಹೋಯಿತು. 60 ಪೌಂಡಿಗೆ ಇಳಿಸಿದರೆ ಇನ್ನೊಂದು 20. ಬೇಟೆಗೆ 420 ಗ್ರೇನ್ ಬಾಣ ಹಾಕಿದರೆ ಮತ್ತೆ 20 ಚಿಲ್ಲರೆ. ಹೆದೆಗೆ ಪೀಪು (ಕಣ್ಣಿಟ್ಟು ನೋಡುವ ತೂತು), ಡಿ-ಲೂಪು (ರಿಲೀಸ್ ಸಿಕ್ಕಿಸುವ ಕುಣಿಕೆ) ಕಟ್ಟಿದ ಮೇಲೆ ಉಳಿಯೋದು 260ರ ಆಸುಪಾಸು. ಚೀಟಿಯ ಮೇಲಿನ 340 ನಮ್ಮಂಥವರಿಗೆ ಕಾರಿನ ಮೈಲೇಜ್ ಇದ್ದ ಹಾಗೆ.

ಈಗ ಹೆದೆಯ ಸದ್ದು. 40 ಗಜ ಅಂದರೆ 120 ಅಡಿ. 260ರ ಬಾಣ ತಲುಪೋಕೆ 0.46 ಸೆಕೆಂಡ್ ಬೇಕು. ಸದ್ದು 0.11ಕ್ಕೇ ತಲುಪುತ್ತದೆ. ಜಿಂಕೆಗೆ 0.35 ಸೆಕೆಂಡ್ ಸಿಗುತ್ತದೆ. ಅದು ಓಡೋಕೆ ಮೊದಲು ಕಾಲು ಮಡಚಿ ಕೆಳಗೆ ಕುಸಿಯುತ್ತದೆ, ಬಾಣ ಬೆನ್ನಿನ ಮೇಲೆ ಹೋಗುತ್ತದೆ. ವೇಗ 300ಕ್ಕೆ ಏರಿಸಿದರೂ ಅದಕ್ಕೆ 0.29 ಸಿಗುತ್ತದೆ. ಆದರೆ ಅದೇ 260ರ ಬಿಲ್ಲು ಹಿಡಿದು 20 ಗಜಕ್ಕೆ ಬಂದರೆ 0.18 ಮಾತ್ರ. ಅಂದರೆ ಸಾವಿರ ಡಾಲರ್ ಕೊಟ್ಟು ವೇಗ ಕೊಳ್ಳೋದಕ್ಕಿಂತ ಜಿಂಕೆ ಹಾದಿಗೆ ಹತ್ತಿರದ ಮರ ಹುಡುಕೋದು ಅಗ್ಗ.

ಶಕ್ತಿಯ ಮಾತಿಗೆ ಬಂದರೆ, 420 ಗ್ರೇನ್ ಬಾಣ 260ರಲ್ಲಿ ಸುಮಾರು 63 ಅಡಿ-ಪೌಂಡ್. 50 ಪೌಂಡಿನ ಬಿಲ್ಲಿನಲ್ಲಿ 400 ಗ್ರೇನ್ ಬಾಣ 240ರಲ್ಲಿ ಹೋದರೂ 51. ಜಿಂಕೆಗೆ 25ರಿಂದ 41 ಸಾಕು ಅಂತ ಬಾಣ ಮಾಡುವ ಈಸ್ಟನ್‌ನವರ ಪಟ್ಟಿಯೇ ಹೇಳುತ್ತದೆ. ಪೆನ್ಸಿಲ್ವೇನಿಯಾದ ಕಾನೂನು ಕೇಳೋದು ಕನಿಷ್ಠ 35 ಪೌಂಡಿನ ಬಿಲ್ಲು, ವಿಸ್ಕಾನ್ಸಿನ್ 30.

ಎಪ್ಪತ್ತರ_ಹೋರಿ:
ಲೆಕ್ಕ ಸರಿ ಇರಬಹುದು. ಭುಜದ ಮೂಳೆಗೆ ತಗುಲಿದಾಗ ನಿಮ್ಮ ಪಟ್ಟಿ ಬಂದು ಕಾಪಾಡಲ್ಲ. ನನಗೆ ಒಂದು ಸಲ ತಗುಲಿದೆ. 70 ಇದ್ದಿದ್ದಕ್ಕೆ ಒಳಗೆ ಹೋಯಿತು.

ಶನಿವಾರದ_ಶಿಕಾರಿ:
ಅದು ಸತ್ಯ, ಅಲ್ಲಗಳೆಯಲ್ಲ. ನಾನೂ ಈಗ 65ರಲ್ಲಿ ಹೊಡೆಯೋದು. ಆದರೆ ಅಲ್ಲಿಗೆ ಬರೋಕೆ ನಾಲ್ಕು ವರ್ಷ ಹಿಡಿಯಿತು. ಹೊಸಬರು ಭುಜಕ್ಕೆ ಹೊಡೆಯೋದೇ ಯಾಕೆ? ಬಿಲ್ಲು ಭಾರವಾಗಿ ಕೈ ನಡುಗುವಾಗ ಬೆರಳು ರಿಲೀಸ್‌ನ (ಹೆದೆ ಹಿಡಿದು ಬಿಡುವ ಸಾಧನ) ಟ್ರಿಗರ್ ಅನ್ನು ಕಿತ್ತುಬಿಡುತ್ತದೆ. ಅದಕ್ಕೇ. ಕಡಿಮೆ ತೂಕಕ್ಕೆ ಚೂಪಾದ, ಬ್ಲೇಡ್ ಬಿಚ್ಚದ ಫಿಕ್ಸೆಡ್ ಬ್ರಾಡ್‌ಹೆಡ್ (ಬಾಣದ ಬೇಟೆ ಮೊನೆ) ಹಾಕಲಿ. ಬಿಚ್ಚಿಕೊಳ್ಳುವ ಬ್ರಾಡ್‌ಹೆಡ್‌ಗೆ ಬಿಚ್ಚೋಕೇ ಒಂದಿಷ್ಟು ಶಕ್ತಿ ಹೋಗುತ್ತದೆ.

ಹುಬ್ಬಳ್ಳಿ_ಹೈದ:
ಇಷ್ಟೆಲ್ಲ ಯಾಕ್ರೀ? ಕ್ರಾಸ್‌ಬೋ (ಬಂದೂಕಿನಂಗ ಹಿಡಿಯೋ ಬಿಲ್ಲು) ತಗೊಳ್ಳಿ, ಇಲ್ಲ ಬಂದೂಕು. ನವೆಂಬರ್ 15ಕ್ಕೆ ಬಂದೂಕಿನ ಸೀಸನ್ ಶುರು ಆಗತದ ಅಲ್ಲಿ.

ಲ್ಯಾನ್ಸಿಂಗ್_ಲಗೋರಿ:
ವೀಸಾದಲ್ಲಿ ಇರುವವರಿಗೆ ಬಂದೂಕಿನ ನಿಯಮ ತಲೆನೋವು. ಕೇಂದ್ರ ಕಾನೂನಿನಲ್ಲಿ ಬಿಲ್ಲು ಬಂದೂಕಿನ ಲೆಕ್ಕಕ್ಕೆ ಬರಲ್ಲ. ಅದೂ ಅಲ್ಲದೆ ನನಗೆ ಬಿಲ್ಲೇ ಇಷ್ಟ. ಚಿಕ್ಕಂದಿನಲ್ಲಿ ಬೆಂಗಳೂರಿನ ಮ್ಯೂಸಿಯಂನಲ್ಲಿ ಆತಕೂರಿನ ವೀರಗಲ್ಲು ನೋಡಿದ್ದೆ. ಕಾಡುಹಂದಿ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಗೆ ಹತ್ತನೇ ಶತಮಾನದಲ್ಲಿ ನಿಲ್ಲಿಸಿದ ಕಲ್ಲು ಅದು. ಬೇಟೆ ಅಂದರೆ ಇವತ್ತಿಗೂ ನನಗೆ ಆ ಕಲ್ಲೇ ಕಣ್ಣ ಮುಂದೆ ಬರುತ್ತದೆ.

ಗ್ರೇನ್_ಗಣಿತ:
ಕ್ರೂಸರ್ ಜಿ2 ಬಗ್ಗೆ ಯಾರೂ ಮಾತಾಡಲಿಲ್ಲ. ಅದು 5ರಿಂದ 70 ಪೌಂಡ್, 12ರಿಂದ 30 ಇಂಚಿನವರೆಗೆ ಹೊಂದಿಸಬಹುದಾದ ಬಿಲ್ಲು. ಡೈಮಂಡ್ ಕಂಪನಿಯವರ ಇನ್ಫಿನಿಟ್ ಎಡ್ಜ್ ಪ್ರೋ ಕೂಡ ಹಾಗೇ. ಪೌಂಡ್ ಏರಿಸಬೇಕಾ, ಒಂದು ಅಲೆನ್ ಕೀ ಸಾಕು. ಹೋರಿಯವರ "ಮತ್ತೆ ದುಡ್ಡು ಸುರಿಯೋದು" ಅನ್ನೋ ವಾದ ಇಲ್ಲಿ ನಿಲ್ಲಲ್ಲ. ದುಬಾರಿ ಬಿಲ್ಲುಗಳಲ್ಲಿ ಎಷ್ಟೋ ಸಲ ಲಿಂಬ್ (ಬಿಲ್ಲಿನ ಬಾಗುವ ತೋಳು) 60-70 ಪೌಂಡಿನ ಒಳಗೇ ಹೊಂದುತ್ತದೆ. ಇಂಚು ಬದಲಿಸೋಕೆ ಕ್ಯಾಮ್‌ಗೆ ಹಾಕುವ ಬೇರೆ ಮಾಡ್ಯೂಲ್ ಕೊಳ್ಳಬೇಕು. ಇಂಥ ಬಿಲ್ಲಿನ ಕೊರತೆಯನ್ನೂ ಹೇಳಿಬಿಡುತ್ತೇನೆ. ಲೆಟ್-ಆಫ್ ಸ್ವಲ್ಪ ಕಡಿಮೆ, ಎಳೆತ ದುಬಾರಿಯದರಷ್ಟು ನುಣುಪಲ್ಲ, ಹೊಡೆದ ಮೇಲೆ ಕೈಯಲ್ಲಿ ನಡುಕ ಜಾಸ್ತಿ.

ಉಳಿದ ದುಡ್ಡಲ್ಲಿ ಒಳ್ಳೆ ರಿಲೀಸ್ ತಗೊಳ್ಳಿ. ಮಣಿಕಟ್ಟಿಗೆ ಕಟ್ಟಿ ತೋರುಬೆರಳಲ್ಲಿ ಒತ್ತುವಂಥದ್ದು ಸಾಕು. ಏಕಲವ್ಯನಿಗೆ ಇದೊಂದು ಸಿಕ್ಕಿದ್ದರೆ ಹೆಬ್ಬೆರಳು ಹೋದರೂ ದ್ರೋಣರ ಆಟ ನಡೆಯುತ್ತಿರಲಿಲ್ಲ.

ಲ್ಯಾನ್ಸಿಂಗ್_ಲಗೋರಿ:
(ಹತ್ತು ದಿನ ಆದ ಮೇಲೆ)
ಮತ್ತೆ ಹೋಗಿದ್ದೆ. ಈ ಸಲ ಬೇರೆ ಅಂಗಡಿ. ಅಲ್ಲಿ ಒಬ್ಬರು ವಯಸ್ಸಾದವರು ನಾನು ಬಾಯಿ ಬಿಡುವ ಮೊದಲೇ ಟೇಪ್ ಹಿಡಿದು ಬಂದರು. 26.5 ಇಂಚು. ಹಳೇ ಅಂಗಡಿಯ ಬಿಲ್ಲು 29ರಲ್ಲಿ ಇತ್ತು ಅಂತ ಫೋನ್ ಮಾಡಿ ಕೇಳಿ ತಿಳಿದುಕೊಂಡೆ!

ಕುರ್ಚಿ ಪರೀಕ್ಷೆ ಮಾಡಿದೆ. 70ಕ್ಕೆ ಹೆದೆ ಹಿಂದಕ್ಕೆ ಬರಲೇ ಇಲ್ಲ. 60ಕ್ಕೆ ಬಂತು, ಆದರೆ ಮುಖ ಕಿವುಚಿತು. 52ಕ್ಕೆ ಸದ್ದಿಲ್ಲದೆ ಬಂತು. ಆಮೇಲೆ ಆ ಹಿರಿಯರು ಪೂರ್ತಿ ಎಳೆದು ಹಿಡಿದುಕೋ ಅಂದು ಮೂವತ್ತರವರೆಗೆ ಎಣಿಸಿದರು. ಇಳಿಸುವಾಗಲೂ ನಿಧಾನ ಅಂದರು. ಇಳಿಸೋದು ಎಳೆಯೋದಕ್ಕಿಂತ ಕಷ್ಟ ಅಂತ ಅವತ್ತೇ ಗೊತ್ತಾಗಿದ್ದು.

1,200 ಡಾಲರಿನದನ್ನೂ ಅವರೇ 27 ಇಂಚಿಗೆ ಹೊಂದಿಸಿ ಕೊಟ್ಟರು. ಸುಳ್ಳು ಹೇಳಲ್ಲ, ಬೆಣ್ಣೆ ಹಾಗಿತ್ತು. ಆದರೆ 20 ಗಜದಲ್ಲಿ ಎರಡರಲ್ಲೂ ನನ್ನ ಬಾಣಗಳು ಅದೇ ಊಟದ ತಟ್ಟೆಯಷ್ಟು ಅಗಲಕ್ಕೆ ಚೆಲ್ಲಿದವು. ಕ್ರೂಸರ್ ತಗೊಂಡೆ. 52 ಪೌಂಡ್, 26.5 ಇಂಚು. ಬೇಟೆ ಸುರಕ್ಷತೆಯ ಕೋರ್ಸಿಗೂ ಹೆಸರು ಕೊಟ್ಟೆ. 1960ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ ಇಲ್ಲಿ ಅದು ಬೇಕಂತೆ.

ಈಗ ದಿನಾ ರಾತ್ರಿ ಅಪಾರ್ಟ್‌ಮೆಂಟ್ ಹಾಲ್‌ನಲ್ಲಿ ನಿಂತು ಬಾಣ ಇಲ್ಲದೆ ಇಪ್ಪತ್ತು ಸಲ ಎಳೆದು ಇಳಿಸುತ್ತಿದ್ದೇನೆ. ಬೆನ್ನು ಗಟ್ಟಿಯಾಗುತ್ತಿದೆ.

ಐವತ್ತು_ಮೀಟರ್:
ನಿಲ್ಲಿಸಿ! ಬಾಣ ಇಲ್ಲದೆ ಎಳೆಯಬೇಡಿ!

ಎಪ್ಪತ್ತರ_ಹೋರಿ:
ಈ ಒಂದು ವಿಷಯದಲ್ಲಿ ನಾವೆಲ್ಲ ಒಂದೇ ಪಕ್ಷ. ನನ್ನ ಗ್ಯಾರೇಜಿನಲ್ಲಿ ಗೆಳೆಯನೊಬ್ಬ ಹೀಗೇ ತಮಾಷೆಗೆ ಎಳೆದ. ರಿಲೀಸ್‌ಗೆ ಬೆರಳು ತಾಗಿತು. ಬಾಣ ಹೊತ್ತೊಯ್ಯಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ವಾಪಸ್ ಬಂತು. ಪಟಾಕಿ ಸದ್ದು. ಲಿಂಬ್ ಸೀಳಿತು, ಕ್ಯಾಮ್ ಬಾಗಿತು, ಹೆದೆ ಹಾರಿ ಅವನ ಕೆನ್ನೆಗೆ ಗೀರಿತು. ಕಣ್ಣು ಅರ್ಧ ಇಂಚಿನಲ್ಲಿ ಉಳಿಯಿತು. ಡ್ರೈ ಫೈರ್ ಅಂತಾರೆ ಇದನ್ನು. ಬಿಲ್ಲಿನ ವಾರಂಟಿಯೂ ಹೋಗುತ್ತದೆ. ಬಾಣ ಹಾಕಿ, ಎದುರಿಗೆ ಗುರಿ ಇದ್ದರೆ ಮಾತ್ರ ಎಳೆಯಬೇಕು. ಮನೆಯಲ್ಲಿ ಬೆನ್ನು ಗಟ್ಟಿ ಆಗಬೇಕಾದರೆ ರಬ್ಬರ್ ಬ್ಯಾಂಡ್ ಎಳೆಯಿರಿ.

ಲ್ಯಾನ್ಸಿಂಗ್_ಲಗೋರಿ:
ಬಿಲ್ಲು ಚೀಲದೊಳಗೆ ಹೋಯಿತು. ಹಾಲ್‌ನಲ್ಲಿ ಟಿವಿ ನೋಡೋಕೆ ಜಾಗ ಬಿಡಿಸಿಕೊಟ್ಟಿದ್ದಕ್ಕೆ ಹೆಂಡತಿ ನಿಮಗೆಲ್ಲ ಥ್ಯಾಂಕ್ಸ್ ಹೇಳಿದ್ದಾಳೆ.