ಅಂಗಳದ ಮಾವಿನ ಗಿಡ ಒಣಗುತ್ತಿದೆ: ಉಳಿಸಬಹುದೇ, ಕಡಿಸಬೇಕೇ?

ಪ್ರಶ್ನೆ (ಮಾಳಮಡ್ಡಿ, ಧಾರವಾಡ): ನಮಸ್ಕಾರ ಸರ್. ನಮ್ಮ ಅಜ್ಜ ಹಚ್ಚಿದ ಆಪೂಸ್ ಮಾವಿನ ಗಿಡದ ಎರಡು ದೊಡ್ಡ ಟೊಂಗೆಗಳು ತುದಿಯಿಂದ ಒಣಗುತ್ತ ಬಂದಿವೆ. ಬೊಡ್ಡೆಯಲ್ಲಿ ಅಂಟು ಸೋರುತ್ತಿದೆ. ಅದರ ಪಕ್ಕದ ತೂತುಗಳಿಂದ ಕಟ್ಟಿಗೆಯ ಪುಡಿ ಉದುರುತ್ತಿದೆ. ಈಚೆಗೆ ಅಂಗಳಕ್ಕೆಲ್ಲ ಬೊಡ್ಡೆಯವರೆಗೂ ಶಹಾಬಾದ ಫರಸಿ ಹಾಸಲಾಗಿದೆ. ಮನೆಯ ಮೇಲೆ ಬಿದ್ದೀತು, ಕಡಿಸಿಬಿಡಿ ಎನ್ನುವವರೇ ಹೆಚ್ಚು. ಉಳಿಸುವ ದಾರಿ ಇದೆಯೇ?

ಉತ್ತರ (ತೋಟಗಾರಿಕೆ ತಜ್ಞರು): ನಮಸ್ಕಾರ. ಒಣಗಿದ ಟೊಂಗೆಗಳನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಗಿಡದ ಅಳಿವು ಉಳಿವು ನಿರ್ಧಾರವಾಗುವುದು ಬೊಡ್ಡೆಯಲ್ಲಿ ಮತ್ತು ಬೇರಿನಲ್ಲಿ. ಮೊದಲು ಬೊಡ್ಡೆಯ ಸುತ್ತಲಿನ ಫರಸಿಯನ್ನು ಎಬ್ಬಿಸಿ, ಬೇರುಗಳು ಕಾಂಡಕ್ಕೆ ಕೂಡುವ ಜಾಗವನ್ನು ಕಣ್ಣಾರೆ ನೋಡಿ. ಅಲ್ಲಿ ಗಟ್ಟಿಯಾದ ಅಣಬೆಗಳು ಮೂಡಿದ್ದರೆ, ಕೊಡತಿಯಿಂದ ಬಡಿದಾಗ ಟೊಳ್ಳು ಸದ್ದು ಬಂದರೆ, ಅಥವಾ ಗಿಡ ವಾಲಿದ ದಿಕ್ಕಿನ ಎದುರು ಬದಿಯ ಮಣ್ಣು ಉಬ್ಬಿ ಬಿರುಕು ಬಿಟ್ಟಿದ್ದರೆ, ಎಷ್ಟೇ ಪ್ರೀತಿಯ ಗಿಡವಾದರೂ ಔಷಧೋಪಚಾರದಲ್ಲಿ ದಿನ ಕಳೆಯದೆ ಮಳೆ ಗಾಳಿ ಶುರುವಾಗುವ ಮೊದಲೇ ಅದನ್ನು ಇಳಿಸಬೇಕಾಗುತ್ತದೆ.

ಇವು ಯಾವುವೂ ಕಾಣದಿದ್ದರೆ, ಚಾಕುವಿನ ಮೊನೆಯಿಂದ ತೊಗಟೆಯನ್ನು ಅಲ್ಲಲ್ಲಿ ತುಸುವೇ ಕೆರೆಯಿರಿ. ಒಳಪದರ ಹಸಿಯಾಗಿದ್ದರೆ ಅಲ್ಲಿ ಜೀವವಿದೆ. ಕಂದಾಗಿ ಒಣಗಿದ್ದರೆ ಆ ಭಾಗ ಸತ್ತಿದೆ. ಸತ್ತ ತೊಗಟೆ ಕಾಂಡದ ಸುತ್ತಳತೆಯ ಮೂರನೇ ಒಂದು ಭಾಗವನ್ನು ಮೀರಿಲ್ಲದಿದ್ದರೆ ಮತ್ತು ಅರ್ಧಕ್ಕಿಂತ ಹೆಚ್ಚು ಟೊಂಗೆಗಳು ಹಸಿರಾಗಿದ್ದರೆ, ನಾನಾದರೆ ಉಳಿಸುವ ಪ್ರಯತ್ನವನ್ನೇ ಮಾಡುತ್ತೇನೆ.

ಪುಡಿ ಉದುರುವುದು ಕಾಂಡ ಕೊರೆಯುವ ಹುಳುವಿನ ಗುರುತು. ಉದ್ದ ಮೀಸೆಯ ದುಂಬಿ ತೊಗಟೆಯಲ್ಲಿ ಮೊಟ್ಟೆಯಿಡುತ್ತದೆ. ಅದರ ಮರಿಹುಳು ತಿಂಗಳುಗಟ್ಟಲೆ ಒಳಗೇ ಇದ್ದು ಸುರಂಗ ಕೊರೆಯುವುದರಿಂದ ಮೇಲಿನ ಟೊಂಗೆಗಳಿಗೆ ನೀರು ಏರದಂತಾಗುತ್ತದೆ. ತೂತಿನೊಳಗೆ ಸೈಕಲ್ ಕಡ್ಡಿ ಹಾಕಿ ಹುಳುವನ್ನು ಚುಚ್ಚಿ ತೆಗೆದು, ಸೀಮೆಎಣ್ಣೆಯಲ್ಲಿ ಅದ್ದಿದ ಅರಳೆಯನ್ನು ತುರುಕಿ, ಹಸಿಮಣ್ಣಿನಿಂದ ಬಾಯಿ ಮುಚ್ಚಿ. ಹಳೆಯ ಪುಸ್ತಕಗಳು ಇದಕ್ಕೆ ಡೈಕ್ಲೋರೋವಾಸ್ ಎಂಬ ಕೀಟನಾಶಕವನ್ನು ಹೇಳುತ್ತವೆ. ಅದು 2020ರ ಕೊನೆಯಿಂದ ನಮ್ಮ ದೇಶದಲ್ಲಿ ನಿಷೇಧವಾಗಿದೆ, ಯಾರು ಕೊಟ್ಟರೂ ತರಬೇಡಿ. ವಾರ ಕಳೆದ ಮೇಲೆ ಹೊಸ ಪುಡಿ ಕಂಡರೆ ಮತ್ತೊಮ್ಮೆ ಮಾಡಿ.

ಒಣಗಿದ ಟೊಂಗೆಗಳನ್ನು ಬಿಸಿಲಿನ ದಿನ ನೋಡಿ, 3 ಇಂಚಿನಷ್ಟು ಹಸಿ ಭಾಗವೂ ಸೇರುವಂತೆ ಕತ್ತರಿಸಿ, ಶಿಲೀಂಧ್ರ ತಡೆಯುವ ಬೋರ್ಡೋ ಮುಲಾಮು ಹಚ್ಚಿ. 10 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬುದು ಇದರ ಅಳತೆ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಿನಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು, ಕಬ್ಬಿಣದ ಪಾತ್ರೆ ಆಗದು. ಅಂಟು ಸೋರುವಲ್ಲಿ ಕೊಳೆತ ತೊಗಟೆಯನ್ನು ಕೆತ್ತಿ ಇದನ್ನೇ ಬಳಿಯಿರಿ.

ಆದರೆ ಫರಸಿ ಹಾಗೆಯೇ ಉಳಿದರೆ ಈ ಉಪಚಾರ ಬಹಳ ದಿನ ನಿಲ್ಲದು. ಹೀರುಬೇರುಗಳು ಟೊಂಗೆಗಳ ಹರವಿನಷ್ಟು ದೂರ, ಮಣ್ಣಿನ ಮೇಲ್ಪದರದಲ್ಲಿಯೇ ಹೆಚ್ಚಾಗಿ ಇರುತ್ತವೆ. ಅವುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ಸೊರಗಿದ ಗಿಡವನ್ನೇ ಹುಳುವೂ ರೋಗವೂ ಬೇಗ ಹಿಡಿಯುವುದರಿಂದ, ನಿಮ್ಮಲ್ಲಿ ಎಲ್ಲಕ್ಕೂ ಮೊದಲು ಅನುಮಾನಿಸಬೇಕಾದದ್ದು ಈ ಹಾಸುಗಲ್ಲೇ ಎಂದು ನನಗನ್ನಿಸುತ್ತದೆ. ಸಾಧ್ಯವಾದಷ್ಟು ಅಗಲಕ್ಕೆ ಅದನ್ನು ತೆಗೆಸಿ, ಬೇರಿಗೆ ಪೆಟ್ಟಾಗದಂತೆ ಮಣ್ಣು ಸಡಿಲಿಸಿ, ಒಣ ಎಲೆ ಹೊದಿಸಿ. ನೀರನ್ನು ಬೊಡ್ಡೆಗೆ ತಾಗಿಸದೆ ದೂರದಲ್ಲಿ ಉಣಿಸಿ.

ಅವರದೇ ಮರುಪ್ರಶ್ನೆ: ಎಷ್ಟು ದಿನ ಕಾಯಬೇಕು ಸರ್? ಕಡಿಸುವುದೇ ಆದರೆ ಯಾರನ್ನು ಕೇಳಬೇಕು?

ಉತ್ತರ: ಬೊಡ್ಡೆ ಗಟ್ಟಿಯಿದ್ದರೆ ಒಂದು ಮಳೆಗಾಲ ಪೂರ್ತಿ ಕಾಯಿರಿ. ಅದು ಮುಗಿಯುವ ಹೊತ್ತಿಗೆ ಉಳಿದ ಟೊಂಗೆಗಳಲ್ಲಿ ಹೊಸ ಚಿಗುರು ಬಂದು, ಗಾಯದ ಅಂಚಿನಲ್ಲಿ ತೊಗಟೆ ಕೂಡುತ್ತಿದ್ದರೆ ಗಿಡ ಚೇತರಿಸಿಕೊಳ್ಳುತ್ತಿದೆ ಎಂದೇ ತಿಳಿಯಿರಿ. ಅಷ್ಟರಲ್ಲಿ ಸಂಶಯ ಬಂದರೆ ಹಸಿ ಭಾಗವೂ ಇರುವ ರೋಗದ ಟೊಂಗೆಯ ತುಂಡನ್ನು ಯತ್ತಿನಗುಡ್ಡದ ಕೃಷಿ ವಿಶ್ವವಿದ್ಯಾಲಯಕ್ಕೆ ಒಯ್ದು ಅಲ್ಲಿನವರಿಗೆ ತೋರಿಸಿ. ಕಡಿಸಬೇಕಾಗಿ ಬಂದರೆ, ಗಿಡ ನಿಮ್ಮ ಅಂಗಳದ್ದೇ ಆಗಿದ್ದರೂ, ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಅನುಮತಿ ಬೇಕೇ ಎಂದು ವೃಕ್ಷಾಧಿಕಾರಿಯನ್ನು ಕೇಳಿ, ಬೇಕಿದ್ದರೆ ಅರ್ಜಿ ಕೊಟ್ಟು ಅದನ್ನು ಪಡೆದ ಮೇಲೆಯೇ ಕೊಡಲಿ ಹಚ್ಚಿಸಿ. ಅರಣ್ಯ ಇಲಾಖೆಯ ಕಚೇರಿಯಲ್ಲಿ ಇದನ್ನು ವಿಚಾರಿಸಬಹುದು.