ವಿಡಿಯೊ ಗೇಮ್ ಶೋಗಳನ್ನ ಇನ್ನೂ ನಿದ್ದೆಗೆಟ್ಟು ನೋಡ್ತೀರಾ? ನನಗೆ ಬೇಸರ ಬಂದಿದೆ

ಪ್ರಶ್ನೆ (ಡೊಂಬಿವಲಿ)

ಮುಂಬೈ, ಪುಣೆ, ಗೋವಾ ಕಡೆಯ ಕನ್ನಡದವರು ಇಲ್ಲಿ ತುಂಬಾ ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ. ಜೂನ್ ತಿಂಗಳ ಗೇಮ್ ಶೋಗಳನ್ನ, ಅಂದ್ರೆ ಕಂಪನಿಗಳು ಮುಂದೆ ಬರೋ ವಿಡಿಯೊ ಗೇಮ್‌ಗಳ ಟ್ರೇಲರ್ ತೋರಿಸೋ ಕಾರ್ಯಕ್ರಮಗಳನ್ನ, ಯಾರಾದ್ರೂ ಈಗ್ಲೂ ಪೂರ್ತಿ ನೋಡ್ತೀರಾ? ನೋಡಿದ್ಮೇಲೆ ಮಾರನೇ ದಿನ ಒಂದಾದ್ರೂ ಗೇಮ್ ತಲೆಯಲ್ಲಿ ಉಳಿದಿರುತ್ತಾ?

ನಾನು ಈ ಶೋಗಳನ್ನ ಹಬ್ಬದ ಥರ ಕಾದವನು. ಸಮ್ಮರ್ ಗೇಮ್ ಫೆಸ್ಟ್ ನಮ್ಮ ಸಮಯಕ್ಕೆ ರಾತ್ರಿ ಎರಡೂವರೆಗೆ ಶುರು. ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್‌ನದು ಭಾನುವಾರ ರಾತ್ರಿ ಹತ್ತೂವರೆಗೆ, ಅದು ಪರವಾಗಿಲ್ಲ. ಡಿಸೆಂಬರ್‌ನಲ್ಲಿ ಗೇಮ್ ಅವಾರ್ಡ್ಸ್ ಬೆಳಗ್ಗೆ ಆರೂವರೆಗೆ, ಅದರ ಅರ್ಧ ಮನೇಲಿ, ಇನ್ನರ್ಧ ಲೋಕಲ್ ಟ್ರೇನಿನಲ್ಲಿ, ಮುಂಬ್ರಾ ಹತ್ರ ಸಿಗ್ನಲ್ ಹೋಗಿ ಬಂದು ಮಾಡುವಾಗ. ಇದ್ಯಾವುದೂ ಆಗ ಕಷ್ಟ ಅನ್ನಿಸಿರಲಿಲ್ಲ. ಈಗ ಎರಡೂವರೆಗೆ ಅಲಾರಂ ಇಡೋಕೆ ಮನಸ್ಸೇ ಬರ್ತಿಲ್ಲ.

ಒಂದು ಟ್ರೇಲರ್‌ಗೂ ಇನ್ನೊಂದಕ್ಕೂ ವ್ಯತ್ಯಾಸ ಗೊತ್ತಾಗೋದಿಲ್ಲ. ಮೊದಲು ಕತ್ತಲೆ, ಯಾವುದೋ ವಯಸ್ಸಾದ ದನಿ, ಹಳೇ ಹಾಡೊಂದನ್ನ ನಿಧಾನಕ್ಕೆ ಎಳೆದು ಹಾಡಿಸಿರ್ತಾರೆ. ಒಂದು ಸ್ಫೋಟ. ಹೆಸರು. ಕೆಳಗೆ ‘ವಿಶ್‌ಲಿಸ್ಟ್ ಮಾಡಿ’. ಕಂಟ್ರೋಲರ್ ಹಿಡಿದವನು ಇದರಲ್ಲಿ ಏನು ಮಾಡ್ತಾನೆ ಅನ್ನೋದನ್ನ ಮಾತ್ರ ತೋರಿಸೋದಿಲ್ಲ.

ಎಲ್ಡರ್ ಸ್ಕ್ರೋಲ್ಸ್ 6 ಅಂತ 2018ರ ಜೂನ್‌ನಲ್ಲಿ ಬೆಟ್ಟಗುಡ್ಡ ತೋರಿಸಿ ಹೆಸರು ಹಾಕಿದ್ರು. ಅದೇ ಸರಣಿಯ ಹಿಂದಿನ ಗೇಮ್ ಸ್ಕೈರಿಮ್ ಆಡಿ ಬೆಳೆದ ನಾವೆಲ್ಲ ಕುಣಿದಾಡಿದ್ವಿ. ಬಿಯಾಂಡ್ ಗುಡ್ ಅಂಡ್ ಈವಿಲ್ 2ರ ಮೊದಲ ಟ್ರೇಲರ್ 2008ರದ್ದು, ಮತ್ತೆ 2017ರಲ್ಲಿ ಹೊಸದಾಗಿ ತೋರಿಸಿದ್ರು. ಎರಡೂ ಇನ್ನೂ ಬಂದಿಲ್ಲ. ನನಗೆ ನಿಜಕ್ಕೂ ನೋವಾಗಿದ್ದು ಪರ್ಫೆಕ್ಟ್ ಡಾರ್ಕ್ ವಿಷಯದಲ್ಲಿ. 2020ರಲ್ಲಿ ಘೋಷಣೆ ಆಯ್ತು, 2024ರ ಜೂನ್‌ನಲ್ಲಿ ಆಟವನ್ನೇ ತೋರಿಸಿದ್ರು. ಅದರ ನಾಯಕಿ ಓಡೋದು, ಛಾವಣಿಯಿಂದ ಜಿಗಿಯೋದು, ಎಷ್ಟು ಚೆನ್ನಾಗಿತ್ತು! 2025ರ ಜುಲೈಯಲ್ಲಿ ಆ ಗೇಮ್ ರದ್ದು, ಮಾಡ್ತಿದ್ದ ಸ್ಟುಡಿಯೋಗೂ ಬೀಗ. ನಾವು ನೋಡಿ ಖುಷಿಪಟ್ಟದ್ದು ಏನನ್ನ ಹಾಗಾದ್ರೆ?

ಕೊನೆಗೂ ಅಂಗಡಿಗೆ ಬರೋದಾದ್ರೂ ಏನು? ದಿ ಲಾಸ್ಟ್ ಆಫ್ ಅಸ್ 2013ರಲ್ಲಿ ಬಂತು, 2014ರಲ್ಲಿ ರೀಮಾಸ್ಟರ್ (ಅದನ್ನೇ ತಿದ್ದಿ ತೀಡಿದ್ದು), 2022ರಲ್ಲಿ ರೀಮೇಕ್ (ಅದೇ ಕತೆಯನ್ನ ಹೊಸದಾಗಿ ಮಾಡಿದ್ದು). ನನ್ನ ತುಂಬಾ ಇಷ್ಟದ ಗೇಮ್ ಅದು, ಅದರ ಮೇಲೆ ಕೋಪ ಇಲ್ಲ. ಆದ್ರೆ ಹತ್ತು ವರ್ಷದೊಳಗೆ ಅದೇ ಕತೆಯನ್ನ ಮೂರು ಸಲ ಮಾರ್ತಾರೆ ಅಂದ್ರೆ ಹೊಸ ಕತೆ ಬರೆಯೋರಿಗೆ ಜಾಗ ಎಲ್ಲಿ ಉಳೀತು? ಕಾಲ್ ಆಫ್ ಡ್ಯೂಟಿ ಸರಣಿ 2005ರಿಂದ ವರ್ಷಕ್ಕೊಂದು ಗೇಮ್, ಒಂದು ವರ್ಷವೂ ತಪ್ಪಿಲ್ಲ. ಓಪನ್ ವರ್ಲ್ಡ್ (ಎಲ್ಲಿ ಬೇಕಾದ್ರೂ ತಿರುಗಾಡೋ ಗೇಮ್) ಅಂದ್ರೆ ಗೋಪುರ ಹತ್ತು, ಮ್ಯಾಪ್ ತೆರಿ, ಕ್ಯಾಂಪ್ ಖಾಲಿ ಮಾಡು. ಸೋನಿಯ ಪ್ಲೇಸ್ಟೇಷನ್ 5 (ಪಿಎಸ್5)ಗೆ ದೊಡ್ಡ ಗೇಮ್ ಒಂದಕ್ಕೆ ₹4,999. ಮಗಳ ಟ್ಯೂಷನ್ ಫೀ, ಸೊಸೈಟಿ ಮೆಂಟೆನೆನ್ಸ್ ಕಟ್ಟುವ ಮನುಷ್ಯ ಅಷ್ಟು ಕೊಡಬೇಕಾದ್ರೆ ಯೋಚನೆ ಮಾಡ್ಲೇಬೇಕು.

ಆಡೋದನ್ನ ಬಿಡೋಕೆ ನನಗೆ ಇಷ್ಟ ಇಲ್ಲ. ಈ ಕಾಯೋದನ್ನ ಬಿಡಬೇಕು. ಶೋಗಳ ಹಿಂದೆ ಹೋಗದೆ ಒಳ್ಳೇ ಗೇಮ್ ಹೇಗೆ ಹುಡುಕ್ತೀರಿ, ಹೇಳಿ.

ಉತ್ತರ (ಹಡಪ್ಸರ್, ಪುಣೆ)

ನಮಸ್ಕಾರ್ರೀ. ನಾ ವಿಜಾಪುರದಾಂವ, ಪುಣೆದಾಗ ಒಂದು ಗೇಮ್ ಸ್ಟುಡಿಯೋದಾಗ ಟೆಸ್ಟಿಂಗ್ ಕೆಲಸ ಮಾಡ್ತೀನಿ. ಯಾವ ಸ್ಟುಡಿಯೋ, ಯಾವ ಗೇಮ್ ಅಂತ ಹೇಳಾಕ ಬರೂದಿಲ್ಲ, ಸಹಿ ಮಾಡಿಕೊಟ್ಟೀನಿ. ಆದ್ರ ಶೋಕ್ಕ ತೋರಸೂ ಡೆಮೊ ಹೆಂಗ ತಯಾರಾಗತೈತಿ ಅನ್ನೂದು ಹೇಳತೀನಿ, ನಿಮ್ಮ ಪ್ರಶ್ನೆಕ್ಕ ಅರ್ಧಾ ಉತ್ತರ ಅದರಾಗೇ ಐತಿ.

ನಾವು ಅದಕ್ಕ ವರ್ಟಿಕಲ್ ಸ್ಲೈಸ್ ಅಂತೀವಿ. ಇಡೀ ಗೇಮಿನಾಗ ಹತ್ತು ನಿಮಿಷದ ಒಂದು ತುಂಡು ತಗೊಂಡು, ಅದನ್ನಷ್ಟ ಪೂರ್ತಿ ಮುಗದಂಗ ತಯಾರು ಮಾಡೂದು. ಬೆಳಕು, ಸಂಗೀತ, ಮುಖದ ಮ್ಯಾಲಿನ ಬೆವರು, ಎಲ್ಲಾ. ಉಳದ ಗೇಮ್ ಆವಾಗ ಬರೇ ಬೂದಿಬಣ್ಣದ ಡಬ್ಬಿಗೋಳು ಇರತಾವ. ಸಿನಿಮಾ ಸೆಟ್ಟಿನ ಮನಿ ಇದ್ದಂಗ್ರೀ, ಮುಂದಿನ ಗ್ವಾಡಿ ಅಷ್ಟ ಇರತೈತಿ. ಡೆಮೊ ಆಡಾಂವ ಎಲ್ಲಿ ಎಡಕ್ಕ ಹೊಳ್ಳಬೇಕು, ಎಲ್ಲಿ ನಿಂದ್ರಬೇಕು ಅನ್ನೂದು ಮೊದಲ ಬರದಿಟ್ಟಿರತಾರ. ಬಲಕ್ಕ ಹೊಳ್ಳಿದ್ರ ನೆಲದಾಗ ಹಾದು ಕೆಳಗ ಬೀಳತಾನ. ನಾವು ಟೆಸ್ಟರ್‌ಗೋಳು ಆ ಒಂದು ದಾರಿನ ರಾತ್ರಿ ಹಗಲಿ ಆಡಿ ಆಡಿ ನೋಡೂದು. ಶೋ ಮುಗದ ಮ್ಯಾಲ ಆ ಕೆಲಸದಾಗ ಭಾಳಷ್ಟು ತಗದ ಒಗೀಬೇಕಾಗತೈತಿ, ಯಾಕಂದ್ರ ಅದು ಓಡಿದ್ದು ಆ ಹತ್ತು ನಿಮಿಷಕ್ಕಷ್ಟ. ಅಷ್ಟು ಮಂದಿ ಅಷ್ಟು ತಿಂಗಳು ಖರೇ ಗೇಮಿನ ಕೆಲಸ ಬಿಟ್ಟು ಕುಂತಿರತಾರ.

ಪ್ರಿನ್ಸ್ ಆಫ್ ಪರ್ಷಿಯಾ ಸ್ಯಾಂಡ್ಸ್ ಆಫ್ ಟೈಮ್ ರೀಮೇಕ್ ನೆನಪೈತ್ರೀ? ಯೂಬಿಸಾಫ್ಟ್‌ನ ಪುಣೆ ಮತ್ತ ಮುಂಬೈ ಸ್ಟುಡಿಯೋದವ್ರು ಮಾಡಾಕತ್ತಿದ್ರು. ನಾ ಅಲ್ಲಿಯವ ಅಲ್ಲ, ಎಲ್ಲಾರಿಗೂ ಗೊತ್ತಿದ್ದ ಮಾತಷ್ಟ ಹೇಳತೀನಿ. 2020ರ ಸೆಪ್ಟೆಂಬರ್‌ದಾಗ ಟ್ರೇಲರ್ ಬಂತು, 2021ರ ಜನವರಿ ಅಂತ ತಾರೀಖನೂ ಕೊಟ್ರು. ಜಗತ್ತಿನ ತುಂಬಾ ಮಂದಿ ಗ್ರಾಫಿಕ್ಸ್ ನೋಡಿ ಆಡ್ಕೊಂಡ ನಕ್ರು. ತಾರೀಖು ಮುಂದ ಹೋತು, ಮತ್ತ ಹೋತು. 2022ರಾಗ ಕೆಲಸ ನಮ್ಮ ಊರಿನಿಂದ ಮಾಂಟ್ರಿಯಲ್‌ಕ್ಕ ಹೋತು. 2026ರ ಜನವರಿದಾಗ ರದ್ದು ಅಂತ ಹೇಳಿಬಿಟ್ರು. ಪುಣೆ, ಮುಂಬೈ ಹೆಸರಿನ ಮ್ಯಾಲ ಅಷ್ಟು ದೊಡ್ಡ ಗೇಮ್ ಬರೂದಿತ್ತು. ಒಂದು ಟ್ರೇಲರ್ ನೋಡಿ ಮಂದಿ ತೀರ್ಪು ಕೊಟ್ಟ ದಿನ ಇಲ್ಲಿ ಕೆಲಸ ಮಾಡೂ ನಮ್ಮಂಥ ಎಲ್ಲಾರಿಗೂ ಹೊಟ್ಯಾಗ ಸಂಕಟಾತು. ನೋಡಾವ್ರಿಗಷ್ಟ ಅಲ್ರೀ, ಮಾಡಾವ್ರಿಗೂ ಈ ಶೋಗೋಳಿಂದ ಪೆಟ್ಟು ಬೀಳತೈತಿ. ತಯಾರಾಗದ್ದನ್ನ ತೋರಸಿದ್ರ ಹಿಂಗ ಆಗತೈತಿ.

ಅದೇ ಕತಿ ಮತ್ತ ಮತ್ತ ಯಾಕ ಅಂದ್ರ, ರೊಕ್ಕ. 2023ರಾಗ ಅಮೆರಿಕಾದ ಕೋರ್ಟಿನಾಗ ಸೋನಿ ಕಾಗದಪತ್ರ ಹೊರಗ ಬಂದ್ವಲ್ಲ, ಲಾಸ್ಟ್ ಆಫ್ ಅಸ್ ಎರಡನೇ ಭಾಗಕ್ಕ 22 ಕೋಟಿ ಡಾಲರ್ ಖರ್ಚಾಗಿತ್ತು. ಅಷ್ಟು ಹಾಕಾಂವ ಹೊಸಾ ವಿಚಾರಕ್ಕ ಹೆದರತಾನ. ರೀಮೇಕಿಗೆ ಕತಿ ತಯಾರ ಇರತೈತಿ, ಕೊಳ್ಳಾವ್ರೂ ತಯಾರ ಇರತಾರ.

ಉತ್ತರ (ಮಡಗಾಂವ್, ಗೋವಾ)

ನಾನು ಸ್ವಲ್ಪ ಬೇರೆ ಥರ ಯೋಚಿಸ್ತೀನಿ. ದೊಡ್ಡ ಕಂಪನಿಗಳ ಬಗ್ಗೆ ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದ್ರೆ ಶೋಗಳೇ ಬೇಡ ಅಂದ್ರೆ ಸಣ್ಣ ತಂಡಗಳಿಗೆ ಅನ್ಯಾಯ ಆಗುತ್ತೆ.

ರಾಜಿ: ಆ್ಯನ್ ಏನ್ಷಿಯೆಂಟ್ ಎಪಿಕ್ ಮಾಡಿದ್ದು ಪುಣೆಯದೇ ನಾಡಿಂಗ್ ಹೆಡ್ಸ್ ಗೇಮ್ಸ್. 2020ರ ಆಗಸ್ಟ್‌ನಲ್ಲಿ, ಸಣ್ಣ ತಂಡಗಳ ಗೇಮ್‌ಗಳಿಗಾಗಿ ನಿಂಟೆಂಡೊ ನಡೆಸೋ ಇಂಡೀ ವರ್ಲ್ಡ್ ಶೋನಲ್ಲಿ ಅದನ್ನ ತೋರಿಸಿದಾಗ ನನಗೆ ಕಣ್ಣು ತುಂಬಿ ಬಂತು. ದುರ್ಗೆ, ವಿಷ್ಣು, ರಾಜಸ್ಥಾನದ ಕೋಟೆಗಳು, ನಮ್ಮ ಪುರಾಣ ಅಷ್ಟು ದೊಡ್ಡ ಜಾಗದಲ್ಲಿ! ಅದೇ ವರ್ಷ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಚೊಚ್ಚಲ ಗೇಮ್ ವಿಭಾಗಕ್ಕೆ ನಾಮನಿರ್ದೇಶನವೂ ಆಯ್ತು. ಆ ಶೋ ಇಲ್ಲದಿದ್ರೆ ಜಪಾನ್‌ನಲ್ಲಿ, ಬ್ರೆಜಿಲ್‌ನಲ್ಲಿ ಕೂತವರಿಗೆ ರಾಜಿ ಹೆಸರು ಯಾರು ಹೇಳ್ತಿದ್ರು? ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33 ಕೂಡ ಹಾಗೇ. 2024ರ ಜೂನ್‌ನಲ್ಲಿ ಎಕ್ಸ್‌ಬಾಕ್ಸ್ ಶೋನಲ್ಲಿ ಮೊದಲ ಸಲ ಕಂಡಾಗ ಯಾರಿಗೂ ಗೊತ್ತಿರದ ಫ್ರೆಂಚ್ ಸ್ಟುಡಿಯೋ. 2025ರ ಏಪ್ರಿಲ್‌ನಲ್ಲಿ ಬಂತು, ಅದೇ ವರ್ಷ ಗೇಮ್ ಆಫ್ ದಿ ಇಯರ್. ನಡುವೆ ಕಾದಿದ್ದು ಹತ್ತೇ ತಿಂಗಳು.

ತೊಂದರೆ ಇರೋದು ಯಾರಿಗೆ ಜಾಗ ಸಿಗುತ್ತೆ ಅನ್ನೋದರಲ್ಲಿ. 2024ರ ಸಮ್ಮರ್ ಗೇಮ್ ಫೆಸ್ಟ್‌ನಲ್ಲಿ ಒಂದು ನಿಮಿಷದ ಟ್ರೇಲರ್‌ಗೆ 2,50,000 ಡಾಲರ್ ಅಂತ ವರದಿಯಾಗಿತ್ತು. ಕೆಲವರಿಗೆ ಉಚಿತವಾಗಿ ಕೊಡ್ತಾರೆ ನಿಜ, ಆದ್ರೆ ನಾಲ್ಕು ಜನರ ತಂಡ ಆ ದುಡ್ಡಲ್ಲಿ ಇಡೀ ಗೇಮನ್ನೇ ಮಾಡಿ ಮುಗಿಸಬಹುದು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಸ್ಟೀಮ್ ನೆಕ್ಸ್ಟ್ ಫೆಸ್ಟ್ (ಸ್ಟೀಮ್ ಅಂದ್ರೆ ಪಿಸಿ ಗೇಮ್ ಮಾರೋ ಆನ್‌ಲೈನ್ ಅಂಗಡಿ). ವರ್ಷಕ್ಕೆ ಮೂರು ಸಲ, ಫೆಬ್ರವರಿ, ಜೂನ್, ಅಕ್ಟೋಬರ್‌ನಲ್ಲಿ ಒಂದೊಂದು ವಾರ ನಡೆಯುತ್ತೆ. ಎಲ್ಲಾ ಡೆಮೊ, ಎಲ್ಲಾ ಉಚಿತ. ನೀವೇ ಆಡಿ ನೋಡ್ತೀರಿ, ಯಾರೂ ನಿಮ್ಮನ್ನ ಎಡಕ್ಕೇ ತಿರುಗು ಅನ್ನೋದಿಲ್ಲ. ಇಪ್ಪತ್ತು ನಿಮಿಷದಲ್ಲಿ ಕೈಗೆ ಗೊತ್ತಾಗಿಬಿಡುತ್ತೆ. ಜೊತೆಗೆ ಇಲ್ಲಿ ಗೋವಾದಲ್ಲೇ ಫ್ರಾಸ್ಟ್‌ವುಡ್ ಇಂಟರಾಕ್ಟಿವ್ ಮಾಡಿದ ಫಾರ್ಗಾಟನ್ ಫೀಲ್ಡ್ಸ್ (2021) ನೋಡಿ. ಬರೆಯೋಕೆ ಕೂತು ಬರೆಯಲಾಗದ ಒಬ್ಬ ಲೇಖಕ, ಮಾರಾಟಕ್ಕಿರುವ ಹಳೇ ಮನೆ. ಗೋಪುರ ಇಲ್ಲ, ಕ್ಯಾಂಪ್ ಇಲ್ಲ.

ಉತ್ತರ (ಲ್ಯಾಮಿಂಗ್ಟನ್ ರೋಡ್, ಮುಂಬೈ)

ನಾನು ಕುಂದಾಪುರ ಕಡೆಯವ. ಲ್ಯಾಮಿಂಗ್ಟನ್ ರೋಡಲ್ಲಿ ಸಣ್ಣ ಅಂಗಡಿ ಉಂಟು, ಸಿಡಿ ಕಾಲದಿಂದ ಗೇಮ್ ಮಾರಿದವ. ನಿಮಗೆಲ್ಲ ಈ ಶೋ ಯಾಕೆ ಹೀಗಾಯಿತು ಅಂತ ಬೇಜಾರು. ನಮ್ಮ ಕಡೆಯಿಂದ ನೋಡಿದರೆ ಅದು ಆಶ್ಚರ್ಯ ಅಲ್ಲ ಮಾರಾಯ್ರೆ.

ಇ3 ಅಂತ ದೊಡ್ಡ ಗೇಮ್ ಪ್ರದರ್ಶನ 1995ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಯಿತಲ್ಲ, ಅದು ಆಡುವವರಿಗಾಗಿ ಮಾಡಿದ್ದಲ್ಲ, ವ್ಯಾಪಾರದವರಿಗೆ ಮತ್ತು ಪತ್ರಿಕೆಯವರಿಗೆ. ದೀಪಾವಳಿಗೆ ಮೊದಲು ನಾವು ಯಾವ ಮಾಲು ಎಷ್ಟು ತರಿಸುದು ಅಂತ ಲೆಕ್ಕ ಹಾಕುತ್ತೇವೆ, ಹಾಗೆ ಅಲ್ಲಿ ಅಂಗಡಿ ಸರಪಳಿಯವರು ಕ್ರಿಸ್‌ಮಸ್‌ಗೆ ಎಷ್ಟು ಡಬ್ಬಿ ಆರ್ಡರ್ ಕೊಡುದು ಅಂತ ತೀರ್ಮಾನಿಸಲಿಕ್ಕೆ ಬರುತ್ತಿದ್ದರು. ಡಿಸೆಂಬರ್‌ಗೆ ಮಾಲು ಸಿಗದಿದ್ದರೆ ಆರ್ಡರೂ ಇಲ್ಲ. ಕಂಪನಿಯವರಿಗೆ ಆ ಹೆದರಿಕೆ ಇತ್ತು. ಈಗ ಎಲ್ಲ ಡೌನ್‌ಲೋಡ್. ನಿಂಟೆಂಡೊ 2011ರಿಂದಲೇ ಡೈರೆಕ್ಟ್ ಅಂತ ತನ್ನದೇ ಆನ್‌ಲೈನ್ ವಿಡಿಯೊ ಶೋ ಮಾಡಿಕೊಂಡಿತು, ಸೋನಿ 2019ರಲ್ಲಿ ಇ3ಗೆ ಹೋಗಲೇ ಇಲ್ಲ, ಕೋವಿಡ್ ಬಂತು, 2023ರ ಡಿಸೆಂಬರ್‌ನಲ್ಲಿ ಇ3 ಪೂರ್ತಿ ಬಂದ್. ಎದುರಿಗೆ ಕೂತು ‘ಮಾಲು ಯಾವಾಗ?’ ಅಂತ ಕೇಳುವವ ಹೋದ ಮೇಲೆ ತಾರೀಖು ಇಲ್ಲದ ಟ್ರೇಲರ್ ತೋರಿಸಲಿಕ್ಕೆ ಯಾರಿಗೆ ಅಂಜಿಕೆ?

ನನ್ನ ಅಂಗಡಿಗೆ ಬರುವ ಹುಡುಗರಿಗೆ ನಾನು ಹೇಳುದು ಇಷ್ಟೇ, ಒಂದು ವರ್ಷ ತಡೆಯಿರಿ. ಸೈಬರ್‌ಪಂಕ್ 2077ರ ಮೊದಲ ಟ್ರೇಲರ್ 2013ರದ್ದು. 2020ರ ಡಿಸೆಂಬರ್‌ನಲ್ಲಿ ಗೇಮ್ ಬಂದಾಗ ಪಿಎಸ್4ನಲ್ಲಿ ಆಡಲಿಕ್ಕೇ ಆಗುತ್ತಿರಲಿಲ್ಲ, ಸೋನಿ ತನ್ನ ಸ್ಟೋರಿನಿಂದಲೇ ತೆಗೆಯಿತು. ಮೊದಲ ವಾರ ತೆಗೆದುಕೊಂಡವರು ಡಿಸ್ಕ್ ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತರು, ನಾನು ಎಂತ ಮಾಡುದು ಹೇಳಿ? 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂತು, ಈಗ ಅದು ಒಳ್ಳೇ ಗೇಮ್, ಬೆಲೆಯೂ ಇಳಿದಿದೆ. ಕಾದವರಿಗೆ ಯಾವ ನಷ್ಟವೂ ಆಗಲಿಲ್ಲ.

ಪುಣೆಯವರು ಪ್ರಿನ್ಸ್ ಆಫ್ ಪರ್ಷಿಯಾ ಹೇಳಿದ್ದು ಓದಿ ಬೇಜಾರಾಯಿತು. 2003ರ ಮೂಲ ಗೇಮಿನ ಪಿಎಸ್2 ಡಿಸ್ಕ್ ನನ್ನ ಹತ್ತಿರ ಇನ್ನೂ ಉಂಟು, ಗೀರು ಇಲ್ಲ. ಬೇಕಾದವರು ಹೇಳಿ.

ಪ್ರಶ್ನೆ ಕೇಳಿದವರು (ಡೊಂಬಿವಲಿ)

ಎಲ್ಲರಿಗೂ ಮನಸಾರೆ ಧನ್ಯವಾದ. ಇ3 ಅಂಗಡಿಯವರಿಗಾಗಿ ಇದ್ದದ್ದು ಅನ್ನೋ ವಿವರ ಓದಿದ್ಮೇಲೆ ತುಂಬಾ ಸ್ಪಷ್ಟ ಆಯ್ತು. ತಾರೀಖು ಕೇಳೋ ಹಕ್ಕಿರುವವರು ಯಾರೂ ಆ ಸಭೆಯಲ್ಲಿ ಇಲ್ಲ. ನಾವು ಚಪ್ಪಾಳೆ ತಟ್ಟೋದಷ್ಟೇ.

ಮಡಗಾಂವ್‌ನವರೇ, ರಾಜಿ ವಿಷಯದಲ್ಲಿ ನಿಮ್ಮ ಮಾತು ಒಪ್ತೀನಿ. ಆದ್ರೆ ಸಣ್ಣ ಗೇಮ್‌ಗಳನ್ನೂ ಈ ಶೋಗಳು ಬಿಟ್ಟಿಲ್ಲ. ಹಾಲೋ ನೈಟ್: ಸಿಲ್ಕ್‌ಸಾಂಗ್ ಮಾಡಿದವರು ಬೆರಳೆಣಿಕೆಯ ಜನ. 2022ರ ಜೂನ್‌ನಲ್ಲಿ ಎಕ್ಸ್‌ಬಾಕ್ಸ್‌ನವರು ‘ಇಲ್ಲಿ ತೋರಿಸಿದ್ದೆಲ್ಲ 12 ತಿಂಗಳೊಳಗೆ ಆಡಬಹುದು’ ಅಂದ ಪಟ್ಟಿಯಲ್ಲಿ ಅದೂ ಇತ್ತು. ಬಂದಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಗೇಮ್ ಅದ್ಭುತವಾಗಿದೆ, ಅವರಿಗೆ ಬೇಕಾದಷ್ಟು ಸಮಯ ತಗೊಂಡಿದ್ದೇ ಸರಿ. ನಡುವೆ ಪ್ರತಿ ಶೋ ದಿನ ಜನ ಆ ಹೆಸರು ಕೂಗಿ ಕೂಗಿ ಅವರನ್ನ ಕಾಡಿದ್ದು ಮಾತ್ರ ತಪ್ಪು.

ನನಗೆ ಸರಿ ಅನ್ನಿಸೋ ದಾರಿ ಹೈ-ಫೈ ರಶ್‌ದು. 2023ರ ಜನವರಿ 25ಕ್ಕೆ ತೋರಿಸಿದ್ರು, ಅದೇ ದಿನ ಬಿಡುಗಡೆ ಮಾಡಿದ್ರು. ತಾಳಕ್ಕೆ ಸರಿಯಾಗಿ ಹೊಡೆದಾಡೋ ಗೇಮ್, ಅಂಥದ್ದನ್ನ ನಾನು ಮೊದಲು ಆಡಿರಲಿಲ್ಲ. ಅಷ್ಟು ಒಳ್ಳೇದು ಮಾಡಿದ ಸ್ಟುಡಿಯೋವನ್ನ 2024ರ ಮೇನಲ್ಲಿ ಮುಚ್ಚಿದ್ರು ಅನ್ನೋದು ಇವತ್ತಿಗೂ ನನಗೆ ಅರಗಿಲ್ಲ. ಆಮೇಲೆ ಕೊರಿಯಾದ ಕ್ರಾಫ್ಟನ್ ಕಂಪನಿ ಆ ಸ್ಟುಡಿಯೋವನ್ನ ತಗೊಂಡಿತು, ಅದೊಂದು ಸಮಾಧಾನ.

ಫಾರ್ಗಾಟನ್ ಫೀಲ್ಡ್ಸ್ ವಿಶ್‌ಲಿಸ್ಟ್‌ಗೆ ಹಾಕಿದೆ. ಅಣ್ಣ, ಆ ಪಿಎಸ್2 ಡಿಸ್ಕ್ ನನಗಿರಲಿ. ಕನ್ಸೋಲ್ ಅಟ್ಟದ ಮೇಲಿದೆ, ಚಾಲೂ ಇದೆ. ಮಗಳಿಗೆ ಆ ಗೇಮಿನ, ಸಮಯ ಹಿಂದಕ್ಕೆ ತಿರುಗಿಸೋ ಕಠಾರಿ ತೋರಿಸಬೇಕು. ಯಾವತ್ತು ಬರಲಿ?

ಉತ್ತರ (ಹಡಪ್ಸರ್, ಪುಣೆ)

ಅಣ್ಣಾರ, ಇನ್ನೊಂದು ಡಿಸ್ಕ್ ಇದ್ರ ನನಗೂ ಇಡ್ರಿ. ಮುಂದಿನ ತಿಂಗಳು ಮುಂಬೈಕ್ಕ ಬರೂದೈತಿ.

ಉತ್ತರ (ಲ್ಯಾಮಿಂಗ್ಟನ್ ರೋಡ್, ಮುಂಬೈ)

ಒಂದೇ ಉಂಟು, ಡೊಂಬಿವಲಿಯವರು ಮೊದಲು ಕೇಳಿದರು. ಪುಣೆಯವರಿಗೆ ಗೋಡೌನಿನಲ್ಲಿ ಹುಡುಕುತ್ತೇನೆ. ಭಾನುವಾರ ಅಂಗಡಿ ಬಂದ್, ಬೇರೆ ದಿನ ಹನ್ನೊಂದರ ನಂತರ ಯಾವಾಗ ಬೇಕಾದರೂ ಬನ್ನಿ.