ವಕೀಲರನ್ನು ಕೇಳಿ: ರಾಷ್ಟ್ರಪತಿ ಭಾಷಣದಲ್ಲಿ ಹೇಳಿದ್ದು ನಮ್ಮ ಕೈಗೆ ಬರುವುದು ಹೇಗೆ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. 2025ರ ಜನವರಿ 31ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಪಾರ್ಲಿಮೆಂಟಿನಲ್ಲಿ ಮಾಡಿದ ಭಾಷಣದ ಬಗ್ಗೆ ನಮ್ಮ ವಾಟ್ಸ್ಯಾಪ್ ಗ್ರೂಪಿನಲ್ಲಿ ಮಾತು ನಿಲ್ಲುತ್ತಾ ಇಲ್ಲ. 70 ವರ್ಷ ದಾಟಿದವರಿಗೆ 5 ಲಕ್ಷದ ಆರೋಗ್ಯ ವಿಮೆ, ಇನ್ನೂ 3 ಕೋಟಿ ಕುಟುಂಬಗಳಿಗೆ ಮನೆ. ಇದರಲ್ಲಿ ನಮಗೆ ಸಿಕ್ಕುವುದು ಎಂತ, ಎಲ್ಲಿ ಕೇಳಬೇಕು ಎಂದು ತುಂಬ ಜನರ ಪ್ರಶ್ನೆ. ಕಾಸರಗೋಡು ವಿದ್ಯಾನಗರದ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವ ನಮ್ಮ ವಕೀಲರು ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಪಕ್ಷದ ಜಗಳ ಬೇಡ.

ಕುಂಬಳೆ ಅಂಗಡಿಯವರು: ಸರ್, 3 ಕೋಟಿ ಮನೆಗೆ ಅರ್ಜಿ ಎಲ್ಲಿ ಹಾಕುವುದು?

ನೀರ್ಚಾಲಿನ ವಿದ್ಯಾರ್ಥಿ: ಸರ್, ಈ ಭಾಷಣವನ್ನು ರಾಷ್ಟ್ರಪತಿಯವರೇ ಬರೆಯುವುದಾ? ಜನವರಿ 25ಕ್ಕೆ ಟೀವಿಯಲ್ಲಿ ಮಾತಾಡಿದ್ದೂ ಇದೂ ಒಂದೆಯಾ?

ಮುಳ್ಳೇರಿಯದ ಹೊಸ ಸದಸ್ಯೆ: ನಮಸ್ಕಾರ ಸರ್. ನಮ್ಮ ಅಮ್ಮನಿಗೆ 74. 2017ರಿಂದ ಖಾಸಗಿ ಕಂಪೆನಿಯ ಹೆಲ್ತ್ ಪಾಲಿಸಿ ಉಂಟು, ಒಂದು ವರ್ಷವೂ ತಪ್ಪಿಸಿಲ್ಲ. ಈ ಸಲ ಜನವರಿ 18ಕ್ಕೆ ಹಣ ಕಟ್ಟಬೇಕಿತ್ತು. ಅಣ್ಣ ಕಟ್ಟಲಿಲ್ಲ. "70 ದಾಟಿದ ಎಲ್ಲರಿಗೂ ಸರ್ಕಾರವೇ ಕೊಡುತ್ತದೆ, ರಾಷ್ಟ್ರಪತಿಯೇ ಹೇಳಿದ್ದಾರೆ, ಇನ್ನು ಅಷ್ಟು ಹಣ ಯಾಕೆ ಸುರಿಯುವುದು" ಅಂತಾನೆ. ಕಳೆದ ವಾರ ಮಂಗಳೂರಿನಲ್ಲಿ ಆಂಜಿಯೋಗ್ರಾಮ್ ಮಾಡಿಸಿದೆವು, ಸ್ಟೆಂಟ್ ಹಾಕಬೇಕು ಎಂದಿದ್ದಾರೆ. ಸರ್ಕಾರದ ಕಾರ್ಡ್ ಬರಲಿ, ಆಮೇಲೆ ಮಾಡಿಸುವ ಅಂತ ಅಣ್ಣ. ಕಾಯಬಹುದಾ?

ಉಪ್ಪಳ ಸದಸ್ಯ: *ತುರ್ತು ಫಾರ್ವರ್ಡ್* ರಾಷ್ಟ್ರಪತಿ ಭಾಷಣವಾದ 40 ದಿನದ ಒಳಗೆ ರಾಷ್ಟ್ರಪತಿ ಭವನಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಲೀಗಲ್ ನೋಟಿಸ್ ಕಳಿಸಿದರೆ ಅದರಲ್ಲಿ ಹೇಳಿದ ಸವಲತ್ತು ನಿಮ್ಮ ಕಾನೂನುಬದ್ಧ ಹಕ್ಕು ಆಗುತ್ತದೆ. ವಕೀಲರು ಇದನ್ನು ನಿಮಗೆ ಹೇಳುವುದಿಲ್ಲ. ಎಲ್ಲರಿಗೂ ಕಳಿಸಿ.

ವಕೀಲರು: ಮುಳ್ಳೇರಿಯದ ಅಕ್ಕನಿಗೆ ಮೊದಲು ಉತ್ತರ. ಉಳಿದವರು ಸ್ವಲ್ಪ ತಾಳಿ.

ಅಕ್ಕ, ಕಾಯಬೇಡಿ. ಸ್ಟೆಂಟ್ ಎಷ್ಟು ಬೇಗ ಆಗಬೇಕು ಎನ್ನುವುದನ್ನು ಡಾಕ್ಟರು ಹೇಳಬೇಕು, ಅಣ್ಣನೂ ಅಲ್ಲ, ನಾನೂ ಅಲ್ಲ. ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ತುರ್ತು ಎಂದರೆ ವಿಮೆಯ ಲೆಕ್ಕ ಬಿಟ್ಟು ಅಡ್ಮಿಟ್ ಮಾಡಿ.

ಇನ್ನು ಪಾಲಿಸಿ. ವರ್ಷಕ್ಕೊಮ್ಮೆ ಕಟ್ಟುವ ಪಾಲಿಸಿಗೆ ಗಡುವು ದಾಟಿದ ಮೇಲೂ 30 ದಿನ ಗ್ರೇಸ್ ಇರುತ್ತದೆ. ಜನವರಿ 18 ಎಂದರೆ ಫೆಬ್ರವರಿ 17ರ ಹೊತ್ತಿಗೆ ಮುಗಿಯುತ್ತದೆ. ಆ ದಿನದವರೆಗೆ ಎಳೆಯಬೇಡಿ, ಇವತ್ತು ರಾತ್ರಿಯೇ ಕಟ್ಟಿ. ಗ್ರೇಸ್ ಒಳಗೆ ಕಟ್ಟಿದರೆ 2017ರಿಂದ ಆದ ವರ್ಷಗಳೆಲ್ಲ ಲೆಕ್ಕಕ್ಕೆ ಉಳಿಯುತ್ತವೆ. ಆದರೆ ಹಣ ಕಟ್ಟದೆ ಕಳೆದ ಆ ಕೆಲವು ದಿನಗಳಲ್ಲಿ ಆಸ್ಪತ್ರೆಗೆ ಸೇರಿದರೆ ಆ ಖರ್ಚು ಸಿಗುವುದಿಲ್ಲ. ಅದಕ್ಕೇ ಇವತ್ತೇ ಎಂದದ್ದು.

ಗ್ರೇಸ್ ದಾಟಿದರೆ ಏನಾಗುತ್ತದೆ ಎಂದು ಅಣ್ಣನಿಗೆ ಓದಿ ಹೇಳಿ. ಅಮ್ಮನಿಗೆ ಹೊಸ ಪಾಲಿಸಿ ತೆಗೆಯಬೇಕು. 74 ವರ್ಷ, ಹೃದಯದ ಕಾಯಿಲೆ ಪತ್ತೆಯಾಗಿದೆ. ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಲು ಕಂಪೆನಿಗೆ ಅವಕಾಶ ಉಂಟು. ಕೊಡುವುದೇ ಇಲ್ಲ ಎಂದೂ ಹೇಳಬಹುದು. ಈಗಿನ ಪಾಲಿಸಿಯಲ್ಲಿ ಆ ಕಾಯುವಿಕೆ ಯಾವತ್ತೋ ಮುಗಿದಿದೆ. ಇನ್ನೊಂದು ದೊಡ್ಡ ವಿಷಯ: 60 ತಿಂಗಳು ಸತತವಾಗಿ ಕಟ್ಟಿದ ಪಾಲಿಸಿಯಲ್ಲಿ "ನೀವು ಆಗ ಈ ಕಾಯಿಲೆ ಹೇಳಲಿಲ್ಲ" ಎಂದು ಕಂಪೆನಿ ಕ್ಲೇಮ್ ತಳ್ಳಿಹಾಕುವ ಹಾಗಿಲ್ಲ, ಮೋಸ ಸಾಬೀತಾದರೆ ಮಾತ್ರ. ಅಮ್ಮ ಆ ಗಡಿ ದಾಟಿ ಬಂದಿದ್ದಾರೆ. ಅಷ್ಟು ವರ್ಷ ಕಟ್ಟಿ ಸಂಪಾದಿಸಿದ ರಕ್ಷಣೆ ಅದು, ಕೈಯಾರೆ ಬಿಟ್ಟುಬಿಡಬೇಡಿ. ಕಂತು ಏರಿದ್ದೇ ಅಣ್ಣನ ಸಿಟ್ಟಾದರೆ ಇದನ್ನೂ ಹೇಳಿ: ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ 10 ಶೇಕಡಕ್ಕಿಂತ ಹೆಚ್ಚು ಏರಿಸಬೇಕಾದರೆ ಮೊದಲು ತನ್ನನ್ನು ಕೇಳಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2025ರ ಜನವರಿ 30ಕ್ಕೆ ಆದೇಶ ಮಾಡಿದೆ. ಕಂಪೆನಿಯನ್ನು ಬರವಣಿಗೆಯಲ್ಲಿ ಕೇಳಿ.

ಸರ್ಕಾರದ 70 ಪ್ಲಸ್ ಕಾರ್ಡ್, ಅಂದರೆ ಕೇಂದ್ರದ ಆಯುಷ್ಮಾನ್ ಆರೋಗ್ಯ ಯೋಜನೆಯದ್ದು, ಬೇಡ ಎನ್ನುತ್ತಾ ಇಲ್ಲ. ಖಾಸಗಿ ಪಾಲಿಸಿ ಇದ್ದವರೂ ಅದಕ್ಕೆ ಅರ್ಹರು, ಎರಡೂ ಇಟ್ಟುಕೊಳ್ಳಬಹುದು. ಆದರೆ ಅದು ಹೇಗೆ ನಡೆಯುತ್ತದೆ ಎಂದು ತಿಳಿಯಿರಿ. 2024ರ ಜೂನ್ 27ರ ಭಾಷಣದಲ್ಲಿ ರಾಷ್ಟ್ರಪತಿಯವರು ಮೊದಲು ಹೇಳಿದರು, ಯೋಜನೆ ಶುರುವಾದದ್ದು ಅಕ್ಟೋಬರ್ 29ಕ್ಕೆ. ಹಣ ಕೇಂದ್ರದ್ದು 60, ರಾಜ್ಯದ್ದು 40. ಹಾಗಾಗಿ ರಾಜ್ಯದ ಆರೋಗ್ಯ ಏಜೆನ್ಸಿ ಕೈಜೋಡಿಸದೆ ಆಸ್ಪತ್ರೆಯ ಬಿಲ್ಲು ಪಾಸಾಗುವುದಿಲ್ಲ. ಪಶ್ಚಿಮ ಬಂಗಾಳದಲ್ಲೂ ದೆಹಲಿಯಲ್ಲೂ 70 ದಾಟಿದವರು ಇದ್ದಾರೆ, ಭಾಷಣ ಅವರಿಗೂ ಕೇಳಿತ್ತು, ಆದರೆ 2025ರ ಫೆಬ್ರವರಿಯವರೆಗೂ ಅಲ್ಲಿ ಈ ಯೋಜನೆ ಬಂದಿರಲಿಲ್ಲ. ನಮ್ಮಲ್ಲಿ ಆಯುಷ್ಮಾನ್ ನಡೆಯುವುದು ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಜೊತೆ ಸೇರಿಸಿ. ಮೊಬೈಲಿನಲ್ಲಿ ಕಾರ್ಡ್ ಡೌನ್‌ಲೋಡ್ ಆಯಿತು ಎಂದ ಕೂಡಲೇ ಚಿಕಿತ್ಸೆ ಸಿಕ್ಕಿತು ಎಂದಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಹೀಗೆ ಕೇಳಿ: ಈ ಕಾರ್ಡಿನಲ್ಲಿ, ಈ ಆಸ್ಪತ್ರೆಯಲ್ಲಿ, ಸ್ಟೆಂಟಿಗೆ ಮುಂಗಡ ಅನುಮತಿ ಸಿಗುತ್ತದಾ? ಹೌದು ಎಂದು ಬರೆದು ಕೊಟ್ಟರೆ ಮಾತ್ರ ನಂಬಿ.

ಕಟ್ಟಿದ ರಶೀದಿ ಬಂದ ಮೇಲೆ ಇಲ್ಲಿ ಒಂದು ಮಾತು ಹಾಕಿ. ನನಗೆ ಗಾಬರಿ ಉಂಟು.

ಪೈವಳಿಕೆ ಕೃಷಿಕ: ಎಷ್ಟು ಬಿಡಿಸಿ ಹೇಳಿದಿರಿ ವಕೀಲರೇ. ನಮ್ಮ ಮಾವನ ಪಾಲಿಸಿಯೂ ಇದೇ ಕಥೆ, ಈಗಲೇ ಫೋನ್ ಮಾಡುತ್ತೇನೆ.

ವಕೀಲರು: ವಿದ್ಯಾರ್ಥಿಗೆ: ಎರಡೂ ಬೇರೆ. 25ರದ್ದು ಗಣರಾಜ್ಯೋತ್ಸವದ ಮುನ್ನಾದಿನ ದೇಶಕ್ಕೆ ಹೇಳುವ ಮಾತು. 31ರದ್ದು ಸಂವಿಧಾನದ 87ನೇ ವಿಧಿಯ ಭಾಷಣ, ವರ್ಷದ ಮೊದಲ ಅಧಿವೇಶನಕ್ಕೆ. ಬರೆಯುವುದು ಮಂತ್ರಿಮಂಡಲ. "ನನ್ನ ಸರ್ಕಾರ" ಎಂದು ಓದುವುದು ಅದಕ್ಕೇ. ರಾಜ್ಯದಲ್ಲಿ ರಾಜ್ಯಪಾಲರಿಗೆ 176ನೇ ವಿಧಿ. 2020ರಲ್ಲಿ ಕೇರಳದ ಆಗಿನ ರಾಜ್ಯಪಾಲರು ಪೌರತ್ವ ತಿದ್ದುಪಡಿ ಕಾಯಿದೆಯನ್ನು ವಿರೋಧಿಸುವ ಪ್ಯಾರಾ ಬಂದಾಗ, ಇದು ನನ್ನ ಅಭಿಪ್ರಾಯ ಅಲ್ಲ, ಮುಖ್ಯಮಂತ್ರಿಯವರ ಇಚ್ಛೆಯಂತೆ ಓದುತ್ತೇನೆ ಎಂದು ಹೇಳಿಯೇ ಓದಿದರು. 2024ರಲ್ಲಿ ಅವರೇ ಕೊನೆಯ ಪ್ಯಾರಾ ಮಾತ್ರ ಓದಿ ಹೊರಟರು.

ಉಪ್ಪಳದವರಿಗೆ: ಸುಳ್ಳು. ಡಿಲೀಟ್ ಮಾಡಿ.

ಉಪ್ಪಳ ಸದಸ್ಯ: ಸುಳ್ಳು ಎಂದು ಹೇಗೆ ಹೇಳುತ್ತೀರಿ ಸರ್? ಐದು ಗ್ರೂಪಿನಲ್ಲಿ ಬಂದಿದೆ.

ಬದಿಯಡ್ಕದ ನಿವೃತ್ತ ಮೇಷ್ಟ್ರು: ರಾಷ್ಟ್ರಪತಿ ಹೇಳಿದ ಮಾತಿಗೆ ಬೆಲೆ ಇಲ್ಲ ಎಂದಾದರೆ ಯಾರ ಮಾತಿಗೆ ಬೆಲೆ? ಕೋರ್ಟಿಗೆ ಹೋಗುವ ದಾರಿಯೇ ಇಲ್ಲವೇ?

ವಕೀಲರು: ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ಭಾಷಣಕ್ಕೆ ಬೆಲೆ ಉಂಟು, ಆದರೆ ಅದು ಸದನದ ಒಳಗಿನ ಬೆಲೆ. ಅದರ ಮೇಲೆ, ಭಾಷಣಕ್ಕೆ ಧನ್ಯವಾದ ಹೇಳುವ ವಂದನಾ ನಿರ್ಣಯದ ಚರ್ಚೆ ಆಗುತ್ತದೆ, ತಿದ್ದುಪಡಿ ಸೂಚಿಸಬಹುದು. 2015ರಲ್ಲಿ ಕಪ್ಪುಹಣದ ವಿಷಯದಲ್ಲಿ ಸಿಪಿಎಂನ ಸೀತಾರಾಂ ಯೆಚೂರಿ ತಂದ ತಿದ್ದುಪಡಿ ರಾಜ್ಯಸಭೆಯಲ್ಲಿ ಪಾಸೇ ಆಯಿತು. ರಾಷ್ಟ್ರಪತಿಯವರನ್ನು ಮಾತ್ರ ಕೋರ್ಟಿಗೆ ಎಳೆಯುವ ಹಾಗಿಲ್ಲ, 361ನೇ ವಿಧಿ ತಡೆಯುತ್ತದೆ. ಕೇಂದ್ರ ಸರ್ಕಾರದ ಮೇಲೆ ದಾವೆ ಹೂಡುವುದಾದರೆ 2 ತಿಂಗಳ ನೋಟಿಸ್ ಹೋಗಬೇಕಾದ್ದು ಸರ್ಕಾರದ ಕಾರ್ಯದರ್ಶಿಗೆ. 40 ದಿನ, ರಾಷ್ಟ್ರಪತಿ ಭವನ, ಇದೆಲ್ಲ ಯಾರೋ ಕೂತು ಹೆಣೆದದ್ದು.

ಮಾತು ಕೊಟ್ಟು ತಪ್ಪಿದ ಸರ್ಕಾರವನ್ನು ಕೋರ್ಟು ಹಿಡಿದದ್ದೂ ಉಂಟು. 1979ರ ಮೋತಿಲಾಲ್ ಪದಂಪತ್ ಶುಗರ್ ಮಿಲ್ಸ್ ಕೇಸಿನಲ್ಲಿ, ಸರ್ಕಾರದ ಖಚಿತ ಭರವಸೆ ನಂಬಿ ಒಬ್ಬ ಹಣ ಹೂಡಿದರೆ ಆಮೇಲೆ ಹಿಂದೆ ಸರಿಯುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. 2021ರ ಜುಲೈಯಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೊರೊನಾ ಕಾಲದಲ್ಲಿ ಬಡವರ ಬಾಡಿಗೆ ಸರ್ಕಾರ ಕೊಡುತ್ತದೆ ಎಂದು ಮುಖ್ಯಮಂತ್ರಿ ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದು ಜಾರಿ ಮಾಡಬಹುದಾದ ಭರವಸೆ ಎಂದು ತೀರ್ಪು ಕೊಟ್ಟಿತು. ನಾನು ಆ ತೀರ್ಪನ್ನು ಕೂತಲ್ಲಿಂದ ಏಳದೆ ಓದಿದ್ದೇನೆ. ಸೆಪ್ಟೆಂಬರಿನಲ್ಲಿ ಅದೇ ಹೈಕೋರ್ಟಿನ ಇಬ್ಬರು ಜಡ್ಜರ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. ಹಾಗಾಗಿ ಅದನ್ನು ಹಿಡಿದು ನಮ್ಮ ಕೇಸು ಕಟ್ಟಲು ನನಗೆ ಧೈರ್ಯ ಸಾಲದು.

ಇದಕ್ಕಿಂತ ಗಟ್ಟಿ ದಾರಿ ಒಂದುಂಟು. ನಮ್ಮ ಎಂಪಿಯ ಮೂಲಕ ಸದನದಲ್ಲಿ ಪ್ರಶ್ನೆ ಹಾಕಿಸಿ. ಮಂತ್ರಿ ಎದ್ದು ನಿಂತು "ಮಾಡುತ್ತೇವೆ" ಎಂದರೆ ಅದು ಸರ್ಕಾರಿ ಭರವಸೆಗಳ ಸಮಿತಿಯ ಪಟ್ಟಿಗೆ ಹೋಗುತ್ತದೆ, 3 ತಿಂಗಳಲ್ಲಿ ಈಡೇರಿಸಬೇಕು, ಇಲ್ಲವಾದರೆ ಸಮಯ ಕೇಳಬೇಕು. ಜೊತೆಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. "ಯಾವಾಗ ಕೊಡುತ್ತೀರಿ" ಎಂದು ಕೇಳಬೇಡಿ. ಆದೇಶದ ನಂಬರ್ ಎಂತ, ಕಾಸರಗೋಡು ಜಿಲ್ಲೆಗೆ ಎಷ್ಟು ಹಂಚಿಕೆ, ಪ್ರತಿ ಕೊಡಿ ಎಂದು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು.

ಕುಂಬಳೆ ಅಂಗಡಿಯವರು: ಸರ್ ಮನೆ?

ಮಂಜೇಶ್ವರ ಸದಸ್ಯ: ಮನೆ ಎಲ್ಲಿಂದ ಬರಬೇಕು? ಕೇಂದ್ರ ಕೊಟ್ಟದ್ದನ್ನು ಇಲ್ಲಿಯವರು ಕೇರಳದ ಮನೆ ಯೋಜನೆ ಲೈಫ್ ಮಿಷನ್ ಹೆಸರಿಗೆ ಹಾಕಿಕೊಳ್ಳುತ್ತಾರೆ.

ಬಂದ್ಯಡ್ಕ ಸದಸ್ಯ: ಹಾಗೆ ಹೇಳಬೇಡಿ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಒಂದು ಮನೆಗೆ 1.20 ಲಕ್ಷ. ಲೈಫಿನಲ್ಲಿ ಕೊಡುವುದು 4 ಲಕ್ಷ. ಬಾಕಿ ಯಾರು ಹಾಕಿದ್ದು? ಬಡವನ ಗೋಡೆಗೆ ಬೋರ್ಡ್ ಹಚ್ಚಬೇಕು ಎಂದು ಹಟ ಹಿಡಿದದ್ದು ಯಾರು?

ಮಂಜೇಶ್ವರ ಸದಸ್ಯ: ಹಣ ಕೊಟ್ಟವರ ಹೆಸರು ಹಾಕಲು ನಾಚಿಕೆ ಯಾಕೆ? ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದಿರಿ, ಆದರೂ ಜನ ಸ್ಟೆಂಟಿಗೆ ಮಂಗಳೂರಿಗೆ ಓಡುವುದು ತಪ್ಪಲಿಲ್ಲ. ಅದರ ಬಗ್ಗೆ ಮಾತಾಡಿ.

ಬಂದ್ಯಡ್ಕ ಸದಸ್ಯ: ಮಂಗಳೂರಾ? 2020ರ ಲಾಕ್‌ಡೌನಿನಲ್ಲಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ಆಂಬುಲೆನ್ಸ್ ನಿಲ್ಲಿಸಿದ್ದು ಮರೆತು ಹೋಯಿತಾ? ನಮ್ಮ ಊರಿನವರು ದಾರಿಯಲ್ಲೇ ಹೋದರು.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ವಕೀಲರು: ಕುಂಬಳೆಯವರಿಗೆ: ಭಾಷಣಕ್ಕೆ ಅಂತ ಬೇರೆ ಅರ್ಜಿ ಇಲ್ಲ. ಪಂಚಾಯತಿನಲ್ಲಿ ಪಟ್ಟಿ ನೋಡಿ, ಗ್ರಾಮಸಭೆಗೆ ಹೋಗಿ.

ಎಣ್ಮಕಜೆ ಸದಸ್ಯೆ: ಸರ್, ಎಂಡೋಸಲ್ಫಾನ್ ಸಂತ್ರಸ್ತರ ಬಗ್ಗೆ ಭಾಷಣದಲ್ಲಿ ಏನಾದರೂ ಇತ್ತಾ? ನನ್ನ ತಂಗಿ ಪಟ್ಟಿಯಲ್ಲಿ ಇಲ್ಲ. 5 ಲಕ್ಷ ಕೊಡಿ ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತಲ್ಲ, ಅದರಲ್ಲಿ ಹೊಸಬರನ್ನು ಸೇರಿಸುತ್ತಾರಾ?

ಪುತ್ತಿಗೆ ಸದಸ್ಯ: ವಕೀಲರೇ, ರಾಷ್ಟ್ರಪತಿಗೆ ಕಾಗದ ಬರೆಯುವುದಾದರೆ ಹಿಂದಿ ಇಲ್ಲವೇ ಇಂಗ್ಲಿಷ್ ಬೇಕಂತೆ ಹೌದಾ? ಅಕ್ಷಯ ಸೇವಾ ಕೇಂದ್ರದಲ್ಲಿ ಕನ್ನಡದಲ್ಲಿ ಬರೆದದ್ದನ್ನು ತೆಗೆದುಕೊಳ್ಳಲಿಲ್ಲ.

ವಕೀಲರು: ಪುತ್ತಿಗೆಯವರೇ, ಅಲ್ಲ. 350ನೇ ವಿಧಿ ತೆಗೆದು ನೋಡಿ. ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೂ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ದೂರು ಕೊಡುವ ಹಕ್ಕು ನಿಮ್ಮದು. ಕನ್ನಡದಲ್ಲಿ ಬರೆಯಿರಿ. ಕೇರಳದ 1969ರ ಆಡಳಿತ ಭಾಷೆ ಕಾಯಿದೆಯೂ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎನ್ನುತ್ತದೆ. ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿಯನ್ನು 350ಬಿ ಪ್ರಕಾರ ನೇಮಿಸುವುದು ರಾಷ್ಟ್ರಪತಿಯೇ, ಅವರು ವರದಿ ಕೊಡುವುದೂ ರಾಷ್ಟ್ರಪತಿಗೇ. ಕಾಸರಗೋಡಿನ ಕನ್ನಡಿಗನಿಗೆ ಆ ಕುರ್ಚಿಯ ಮೇಲೆ ನೇರವಾದ ಹಕ್ಕು ಇರುವುದು ಇಲ್ಲಿ. ಭಾಷಣದಲ್ಲಿ ನಮ್ಮ ಹೆಸರು ಬಂತಾ ಎಂದು ಹುಡುಕುವುದಕ್ಕಿಂತ ಇದನ್ನು ಬಳಸಿ. ಅರ್ಜಿ ತಿರಸ್ಕರಿಸಿದವರ ಹತ್ತಿರ ತಿರಸ್ಕರಿಸಿದ್ದು ಎಂದು ಬರೆಸಿಕೊಳ್ಳಿ.

ಪುತ್ತಿಗೆ ಸದಸ್ಯ: ಮಹಾಜನ ವರದಿ ಜಾರಿ ಆಗಿದ್ದರೆ ಈ ಪರದಾಟವೇ ಇರುತ್ತಿರಲಿಲ್ಲ. 1967ರಲ್ಲೇ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಎಂದು ಹೇಳಿ ಆಗಿತ್ತು.

ಬಂದ್ಯಡ್ಕ ಸದಸ್ಯ: ಇನ್ನೂ ಅದನ್ನೇ ಹಿಡಿದುಕೊಂಡು ಕೂತರೆ ಮಕ್ಕಳಿಗೆ ಕೆಲಸ ಎಲ್ಲಿ ಸಿಗುತ್ತದೆ?

ಮಂಜೇಶ್ವರ ಸದಸ್ಯ: 2017ರಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾನೂನು ತಂದಾಗ ನೀವು ಎಲ್ಲಿದ್ದಿರಿ?

ಬಂದ್ಯಡ್ಕ ಸದಸ್ಯ: ಬೀದಿಯಲ್ಲಿದ್ದೆ, ನಿಮ್ಮ ಜೊತೆಗೇ ಘೋಷಣೆ ಕೂಗಿದ್ದೆ. ಕೇಳುವ ಮೊದಲು ಯೋಚಿಸಿ.

ಉಪ್ಪಳ ಸದಸ್ಯ: *ಪಿಎಂ ಆವಾಸ್ 3 ಕೋಟಿ ಮನೆ* ರಾಷ್ಟ್ರಪತಿ ಭಾಷಣದ ಪ್ರಕಾರ ನೋಂದಣಿ ಶುರು. 250 ರೂ ಕಟ್ಟಿ, ಆಧಾರ್ ಹಾಕಿ, ಲಿಂಕ್ ಒತ್ತಿ.

ವಕೀಲರು: ಯಾರೂ ಒತ್ತಬೇಡಿ. ಯಾರೂ ಒತ್ತಬೇಡಿ. ಮನೆಯ ಫಲಾನುಭವಿ ಆಗಲು ಯಾವ ಸರ್ಕಾರವೂ ವಾಟ್ಸ್ಯಾಪ್ ಲಿಂಕಿನಲ್ಲಿ ಹಣ ಕೇಳುವುದಿಲ್ಲ. ಒಟಿಪಿ ಹೇಳಿದವರು ಬ್ಯಾಂಕಿಗೆ ಫೋನ್ ಮಾಡಿ, 1930ಕ್ಕೆ ಕರೆ ಮಾಡಿ, ಈಗಲೇ. ಉಪ್ಪಳದವರೇ, ಒಮ್ಮೆ ಹೇಳಿದೆ. ಬೀಡಿ ಕಟ್ಟಿ ಸಂಸಾರ ನಡೆಸುವ ಹೆಂಗಸರು ಈ ಗ್ರೂಪಿನಲ್ಲಿ ಇದ್ದಾರೆ. ಅವರಿಗೆ 250 ರೂಪಾಯಿ ಸಣ್ಣ ಹಣ ಅಲ್ಲ, ಅವರ ಅಕೌಂಟ್ ಖಾಲಿಯಾದರೆ ಯಾರು ತುಂಬುತ್ತೀರಿ? ಅಡ್ಮಿನ್, ಇವರನ್ನು ಇಟ್ಟುಕೊಳ್ಳುವುದಾದರೆ ನಾನು ಇಲ್ಲಿ ಬರೆಯುವುದಿಲ್ಲ.

ಉಪ್ಪಳ ಸದಸ್ಯ: ಒಳ್ಳೆಯದಾಗಲಿ ಅಂತ ಹಾಕಿದ್ದು. ಇಷ್ಟು ಬೈಯಬೇಕಾ?

ಪೈವಳಿಕೆ ಕೃಷಿಕ: ಬೈದದ್ದು ಕಮ್ಮಿ ಆಯಿತು.

ಅಡ್ಮಿನ್: ಎರಡೂ ಮೆಸೇಜ್ ತೆಗೆದಿದ್ದೇನೆ. ಇನ್ನು ಲಿಂಕ್ ಹಾಕಿದವರನ್ನು ಹೊರಗೆ ಹಾಕುತ್ತೇನೆ.

ಆದೂರು ಸದಸ್ಯ: ಸರ್, 3 ಕೋಟಿ ಮನೆಗೆ ಅರ್ಜಿ ಯಾವಾಗ?

ವಕೀಲರು: ಮೇಲೆ ಹೇಳಿದ್ದೇನೆ. ಓದಿ.

ಎಣ್ಮಕಜೆ ಸದಸ್ಯೆ: ನನ್ನ ಪ್ರಶ್ನೆ?

ನೀರ್ಚಾಲಿನ ವಿದ್ಯಾರ್ಥಿ: ಸರ್, ವಂದನಾ ನಿರ್ಣಯ ಲೋಕಸಭೆಯಲ್ಲಿ ಬಿದ್ದರೆ ಸರ್ಕಾರ ಬೀಳುತ್ತದಾ?

ಮುಳ್ಳೇರಿಯದ ಹೊಸ ಸದಸ್ಯೆ: ಸರ್, ಕಟ್ಟಿದೆವು. ನಿಮ್ಮ ಉತ್ತರವನ್ನು ಅಣ್ಣನಿಗೆ ಜೋರಾಗಿ ಓದಿದೆ. ಮೊದಲು ಸಿಟ್ಟು ಮಾಡಿದ, ಆಮೇಲೆ ಅವನೇ ಮೊಬೈಲಿನಲ್ಲಿ ಕಟ್ಟಿದ. ರಶೀದಿಯಲ್ಲಿ "ಕಂಟಿನ್ಯುಯಿಟಿ" ಎಂದು ಬರೆದಿದೆ. ಡಾಕ್ಟರಿಗೂ ಫೋನ್ ಮಾಡಿದೆ, ಗುರುವಾರ ಬನ್ನಿ, ತಡ ಮಾಡಬೇಡಿ ಎಂದರು.

ವಕೀಲರು: ಒಳ್ಳೆಯದು ಅಕ್ಕ. ಗುರುವಾರದ ಮೊದಲು ಆಂಜಿಯೋಗ್ರಾಮ್ ರಿಪೋರ್ಟು, ಈ ರಶೀದಿ, ಹಳೆಯ ಪಾಲಿಸಿಗಳ ಪ್ರತಿ ಇಷ್ಟನ್ನು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಗೆ ಕೊಡಿ. ಆಂಜಿಯೋಗ್ರಾಮ್ ಆದದ್ದು ಪಾಲಿಸಿ ನಿಂತಿದ್ದ ದಿನಗಳಲ್ಲಿ, ಅದರ ಬಿಲ್ಲು ಸಿಗಲಿಕ್ಕಿಲ್ಲ. ಆ ಕಾರಣ ಹೇಳಿ ಸ್ಟೆಂಟಿನ ಕ್ಲೇಮನ್ನೂ ತಳ್ಳಿಹಾಕಿದರೆ ತಿರಸ್ಕಾರವನ್ನು ಬರವಣಿಗೆಯಲ್ಲಿ ತೆಗೆದುಕೊಂಡು ನನಗೆ ಕಳಿಸಿ.

ಆದೂರು ಸದಸ್ಯ: ಓದಿದೆ ಸರ್. ಪಂಚಾಯತಿನಲ್ಲಿ ಪಟ್ಟಿ ತೋರಿಸುವುದಿಲ್ಲ ಎಂದರೆ?

ಎಣ್ಮಕಜೆ ಸದಸ್ಯೆ: ವಕೀಲರೇ, ತಂಗಿಯ ವಿಷಯ.